ಸಂಧಿಪ್ರಕರಣ: ಮಣ್ಣುಸಾರಥಿ, ಡಾಂಬರುಸಾರಥಿಗಳ ತಾರತಮ್ಯ ವಿಚಾರ

ಪೀಠಿಕೆ

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ವ್ಯಾಕರಣ ಪಾಠ ಹೇಳಿ ನಿವೃತ್ತನಾದವನಿಗೆ ಮೋಟಾರು ಪಂದ್ಯದ ಬಗ್ಗೆ ಬರೆಯಲು ಏನು ಅಧಿಕಾರ ಎಂದು ಕೇಳುವವರಿದ್ದಾರೆ. ಅವರಲ್ಲಿ ಮೊದಲಿಗಳು ನಮ್ಮ ಮನೆಯಾಕೆಯೇ. ಉತ್ತರ ಸುಲಭ. ಪಂದ್ಯದ ಜೀವ ಇರುವುದು ತಿರುವಿನಲ್ಲಿ. ಎರಡು ನೇರ ದಾರಿಗಳು ಕೂಡುವ ಜಾಗವೇ ತಿರುವು. ಎರಡು ಕೂಡುವ ಜಾಗಕ್ಕೆ ನಮ್ಮ ಶಾಸ್ತ್ರದಲ್ಲಿ ಸಂಧಿ ಎಂದು ಹೆಸರು. ಸಂಧಿಯ ವಿಷಯದಲ್ಲಿ ನನ್ನಷ್ಟು ತಪ್ಪು ಉತ್ತರ ಓದಿದವರು ಇನ್ನೊಬ್ಬರಿರಲಾರರು. ಅಧಿಕಾರ ಸಿದ್ಧವಾಯಿತು.

ವಿವಾದಕ್ಕೆ ಮೂಲ ನನ್ನ ಸೋದರಳಿಯ. ದೀಪಾವಳಿಗೆ ಬಂದವನು ಹೋಳಿಗೆ ಮುರಿಯುತ್ತ, “ಮಾವ, ಫಾರ್ಮುಲಾ ಒನ್‌ನವರು ರೋಡು ಗುಡಿಸಿಕೊಟ್ರೆ ಓಡಿಸ್ತಾರೆ. ರ‍್ಯಾಲಿಯವರಿಗೆ ಗುಡಿಸೋ ಕೆಲಸಾನೂ ಸೇರಿಯೇ ಬರುತ್ತೆ” ಎಂದ. ಇದನ್ನು ನಾನು ಅಲಂಕಾರವೆಂದುಕೊಂಡಿದ್ದೆ. ವಿಚಾರಿಸಿದರೆ ವಾಸ್ತವವೇ. ಜಲ್ಲಿಮಣ್ಣಿನ ರ‍್ಯಾಲಿಯಲ್ಲಿ ಮುಂದೆ ಹೋಗುವ ಕಾರು ಸಡಿಲ ಜಲ್ಲಿಯನ್ನೆಲ್ಲ ಬದಿಗೆ ತಳ್ಳುತ್ತ ಹೋಗುತ್ತದೆ. ಹಿಂದಿನವರಿಗೆ ಗಟ್ಟಿ ನೆಲ ಸಿಗುತ್ತದೆ. ಅಂಕಪಟ್ಟಿಯಲ್ಲಿ ಮೇಲಿರುವವನೇ ಮೊದಲ ದಿನ ಮುಂದೆ ಹೊರಡಬೇಕೆಂಬುದು ವಿಶ್ವ ರ‍್ಯಾಲಿಯ ಕಟ್ಟಳೆ. ಕೆಲಸ ಬಲ್ಲವನ ಕೈಗೇ ಕಸಬರಿಗೆ ಕೊಡುವ ಈ ಪದ್ಧತಿ ನಮ್ಮ ಕಾಲೇಜಿನಲ್ಲೂ ಇತ್ತು.

ಪೂರ್ವಪಕ್ಷ

ಡಾಂಬರಿನ ಪಕ್ಷದವರು ಹೀಗೆನ್ನುತ್ತಾರೆ. ಮೊನಾಕೊದ ಒಂದು ಸುತ್ತು 3.337 ಕಿಲೋಮೀಟರು. ಒಟ್ಟು 78 ಸುತ್ತು, ಸುತ್ತಿಗೆ 19 ತಿರುವು. ಗುಣಿಸಿದರೆ 1,482 ಸಂಧಿಗಳು. ಇಕ್ಕೆಲದಲ್ಲೂ ಕಬ್ಬಿಣದ ತಡೆ. ಒಂದೇ ಸಂಧಿಯನ್ನು 78 ಸಲ ಬೆರಳಗಲದ ವ್ಯತ್ಯಾಸವಿಲ್ಲದೆ ಬಿಡಿಸುವುದು ಹುಡುಗಾಟವೇ? ಅಲ್ಲವೆಂದು ನಾನೂ ಬಲ್ಲೆ. ನನ್ನ ಶಿಷ್ಯರು ‘ಮಳೆಗಾಲ’ವನ್ನು ಎರಡು ಸಲ ಬಿಡಿಸಿದರೆ ಎರಡು ಬಗೆಯಾಗಿ ಬಿಡಿಸುತ್ತಿದ್ದರು.

ಮಣ್ಣಿನ ಪಕ್ಷದವರು ಅದೇ ಮೊನಾಕೊವನ್ನು ತಿರುಗಿಸಿ ಹಿಡಿಯುತ್ತಾರೆ. ಅಲ್ಲಿ ಗ್ರ್ಯಾನ್ ಪ್ರೀ ಹುಟ್ಟಿದ್ದು 1929ರಲ್ಲಿ, ಮಾಂಟೆ ಕಾರ್ಲೊ ರ‍್ಯಾಲಿ 1911ರಲ್ಲೇ. ಹಿರಿತನ ಯಾರದು? ಜನವರಿಯ ಚಳಿಯಲ್ಲಿ ಆಲ್ಪ್ಸ್ ಬೆಟ್ಟದ ಟುರಿನಿ ದಾರಿಯಲ್ಲಿ ಒಂದು ತಿರುವು ಒಣ ಡಾಂಬರು, ಮುಂದಿನದು ಗಾಜಿನಂಥ ಮಂಜುಗಡ್ಡೆ. ಹಾಕಿಕೊಂಡ ಟೈರು ಎರಡಕ್ಕೂ ಒಂದೇ. ತಿರುವನ್ನು ಮುಂಚಿತವಾಗಿ ನೋಡಲು ಬಿಡುವುದು ಎರಡೇ ಸಲ, ಅದೂ ಸಾಮಾನ್ಯ ವೇಗದಲ್ಲಿ.

ಚುಕ್ಕಾಣಿ ಹಿಡಿದ ಆತ್ಮ ಒಂದೇ, ಮಣ್ಣು ಡಾಂಬರುಗಳೆಲ್ಲ ಬರಿಯ ಉಪಾಧಿ ಎನ್ನುವ ಅದ್ವೈತಿಗಳೂ ಉಂಟು. ಅವರ ಮಾತನ್ನು ಒಪ್ಪಿದರೆ ಪ್ರಬಂಧ ಇಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಒಪ್ಪುವುದಿಲ್ಲ. ಈ ಹಂತದಲ್ಲಿ ಆಗುಂಬೆ ಘಾಟಿಯ ಬಸ್ಸಿನ ಚಾಲಕರನ್ನು ಕರೆತಂದು, ಇಬ್ಬರಿಗಿಂತಲೂ ಅವರೇ ದೊಡ್ಡವರೆಂದು ಹೇಳಿ ಚಪ್ಪಾಳೆ ಗಿಟ್ಟಿಸುವುದು ನಮ್ಮಲ್ಲಿ ವಾಡಿಕೆ. ಅವರನ್ನು ಅವರ ಪಾಡಿಗೆ ಬಿಡೋಣ. ಅವರಿಗೆ ಟೈಮಿಗೆ ಶೃಂಗೇರಿ ಮುಟ್ಟಬೇಕಿರುತ್ತದೆ.

ಪ್ರಮಾಣ ವಿಚಾರ

ಚಿಕ್ಕಮಗಳೂರಿನ ಕಾಫಿ ತೋಟಗಳ ಒಳದಾರಿಗಳಲ್ಲಿ ರ‍್ಯಾಲಿ ನಡೆಯುವುದು ಹೊಸದಲ್ಲ. ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್‌ನ ಸುತ್ತುಗಳೂ ಅಲ್ಲಿ ನಡೆದಿವೆ. ಆ ಪಟ್ಟವನ್ನು ನಮ್ಮ ಗೌರವ್ ಗಿಲ್ 2013, 2016, 2017ರಲ್ಲಿ ಮೂರು ಸಲ ಗೆದ್ದರು. ಅಳಿಯ ಒಂದು ವರ್ಷ ನನ್ನನ್ನು ಬೆಳಗಿನ ಜಾವ ಎಬ್ಬಿಸಿ ಕರೆದುಕೊಂಡು ಹೋದ. ಸಿಲ್ವರ್ ಓಕ್ ಮರಕ್ಕೆ ಬೆನ್ನು ಕೊಟ್ಟು ದರೆಯ ಮೇಲೆ ನಿಂತೆವು. ಕೆಳಗೆ ಕೆಂಪು ಮಣ್ಣಿನ ದಾರಿ, ಒಂದು ಜೀಪು ಹಿಡಿಯುವಷ್ಟು ಅಗಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲೋ ಸೀಟಿ ಊದಿದರು. ಕಣಿವೆಯ ಆಚೆಯಿಂದ ಎಂಜಿನ್ ಸದ್ದು ಬಂತು, ಹೋಯಿತು, ಮತ್ತೆ ಬಂತು. ನೋಡನೋಡುತ್ತ ಕಾರು ಅಡ್ಡಡ್ಡಲಾಗಿ ಬಂದು, ನನ್ನ ಪಂಚೆಗೆ ಒಂದು ಬೊಗಸೆ ಜಲ್ಲಿ ಎರಚಿ, ಗಿಡಗಳ ಮೇಲೆಲ್ಲ ಧೂಳು ಕೂರಿಸಿ ಹೋಯಿತು. ಇಷ್ಟರಲ್ಲಿ ನನಗೆ ಕಂಡದ್ದು ಒಂದೇ ಸಂಗತಿ: ಪಕ್ಕದ ಸೀಟಿನವನು ದಾರಿಯನ್ನೇ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ತೊಡೆಯ ಮೇಲಿನ ಪುಸ್ತಕ ಓದುತ್ತಿದ್ದ.

ಮೂರು ದಶಕಗಳಲ್ಲಿ ಇಷ್ಟು ಏಕಾಗ್ರತೆಯಿಂದ ಓದುವ ತರುಣನನ್ನು ನಾನು ಕಂಡದ್ದಿಲ್ಲ.

ಆ ಪುಸ್ತಕವೇ ಪೇಸ್‌ನೋಟ್. ‘ಎಡ ನಾಲ್ಕು, ಎಂಬತ್ತು, ದಿಬ್ಬ, ಬಲ ಎರಡು, ಕಟ್ ಬೇಡ.’ ಆರು ಎಂದರೆ ಹೆಚ್ಚುಕಡಿಮೆ ನೇರ, ಒಂದು ಎಂದರೆ ಹೆಚ್ಚುಕಡಿಮೆ ವಾಪಸು. ಕೆಲವರದು ಇದಕ್ಕೆ ಉಲ್ಟಾ ಎಣಿಕೆ. ಎಂಬತ್ತು ಎಂದರೆ ಮುಂದಿನ ತಿರುವಿಗೆ ಇರುವ ಮೀಟರು. ಅರ್ಧ ಮಾತ್ರೆ ಉಳಿದರೂ ಮಗ ಹುಟ್ಟಿದಷ್ಟು ಹಿಗ್ಗುತ್ತಿದ್ದರಂತೆ ನಮ್ಮ ಸೂತ್ರಕಾರರು. ಅವರು ಇದನ್ನು ಕಂಡಿದ್ದರೆ ಅವಳಿ ಹುಟ್ಟಿದಷ್ಟು ಹಿಗ್ಗುತ್ತಿದ್ದರು.

ಇಲ್ಲಿಂದ ಸಿದ್ಧಾಂತ ಹೊರಡುತ್ತದೆ. ಡಾಂಬರಿನವನದು ಪ್ರತ್ಯಕ್ಷ ಪ್ರಮಾಣ. ಕಂಡ ತಿರುವನ್ನೇ ಮತ್ತೆ ಕಾಣುತ್ತಾನೆ, ಮತ್ತೆ ಮತ್ತೆ ಕಂಡು ಕೂದಲೆಳೆಯಷ್ಟು ತಿದ್ದುತ್ತಾನೆ. ಮಣ್ಣಿನವನದು ಶಬ್ದ ಪ್ರಮಾಣ. ದಿಬ್ಬದಾಚೆ ಏನಿದೆಯೆಂದು ಕಣ್ಣಿಗೆ ಕಾಣದು. ಬಲ ಎರಡು ಎಂದು ಪಕ್ಕದವನು ಹೇಳಿದ್ದಾನೆ, ಇದ್ದೇ ಇರುತ್ತದೆ ಎಂದು ನಂಬಿ ಆಕ್ಸಿಲರೇಟರ್ ತುಳಿಯುತ್ತಾನೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನದ ಲೆಕ್ಕದಲ್ಲಿ ಪಕ್ಕದವನು ಭಾಗವತ, ಚಾಲಕ ವೇಷಧಾರಿ. ಪದ ಒಂದು ಗಳಿಗೆ ಮುಂದೆ ಬಂದರೂ ಹಿಂದೆ ಬಂದರೂ ಹೆಜ್ಜೆ ಕೆಡುತ್ತದೆ. ರಂಗಸ್ಥಳದಲ್ಲಿ ಕೆಟ್ಟರೆ ಜನ ನಗುತ್ತಾರೆ. ತೋಟದಲ್ಲಿ ಕೆಟ್ಟರೆ ಮರ ಸುಮ್ಮನೆ ನಿಂತಿರುತ್ತದೆ.

ಒಂದು ಪ್ರಮಾಣದಲ್ಲಿ ಪಳಗಿದವನು ಇನ್ನೊಂದಕ್ಕೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಕಿಮಿ ರೈಕೊನೆನ್ ನಿದರ್ಶನ. 2007ರಲ್ಲಿ ಒಂದೇ ಒಂದು ಅಂಕದಿಂದ ಫಾರ್ಮುಲಾ ಒನ್ ವಿಶ್ವಪಟ್ಟ ಗೆದ್ದ ಮಿತಭಾಷಿ. 2010 ಮತ್ತು 2011ರಲ್ಲಿ ವಿಶ್ವ ರ‍್ಯಾಲಿಗೆ ಹೋಗಿ ಸಿಟ್ರೊಯೆನ್ ಓಡಿಸಿದ. ಪಕ್ಕದಲ್ಲಿ ಕಾಯ್ ಲಿಂಡ್‌ಸ್ಟ್ರೋಮ್ ಎಂಬ ನುರಿತ ಭಾಗವತ. ಎರಡು ವರ್ಷದಲ್ಲಿ ಎಲ್ಲಕ್ಕಿಂತ ಒಳ್ಳೆಯ ಫಲಿತಾಂಶವೆಂದರೆ ಟರ್ಕಿಯಲ್ಲಿ ಐದನೆಯ ಸ್ಥಾನ. 2012ರಲ್ಲಿ ತವರಿಗೆ ಮರಳಿದ. ಆ ವರ್ಷ ಅಬುಧಾಬಿಯಲ್ಲಿ ಮುನ್ನಡೆಯಲ್ಲಿದ್ದಾಗ ಎಂಜಿನಿಯರು ರೇಡಿಯೊದಲ್ಲಿ ಏನೋ ಹೇಳಲು ಹೋದರೆ, ನನ್ನನ್ನು ನನ್ನ ಪಾಡಿಗೆ ಬಿಡಿ, ಮಾಡುವುದು ನನಗೆ ಗೊತ್ತಿದೆ ಎಂದುಬಿಟ್ಟ. ಪಂದ್ಯವನ್ನೂ ಗೆದ್ದ. ಜಗತ್ತು ಇದನ್ನು ಗತ್ತು ಎಂದು ಕೊಂಡಾಡಿತು. ನನ್ನ ಮಟ್ಟಿಗೆ ಇದು, ಎರಡು ವರ್ಷ ಕಿವಿಯಲ್ಲಿ ಬಿಡುವಿಲ್ಲದೆ ಶಬ್ದ ಪ್ರಮಾಣ ಕೇಳಿದವನ ನಿಟ್ಟುಸಿರು.

ವಚನ ಪ್ರಕರಣ

ರ‍್ಯಾಲಿಯ ಗೆಲುವು ದ್ವಿವಚನ. ಸೆಬಾಸ್ಟಿಯನ್ ಲೋಬ್ 2004ರಿಂದ 2012ರವರೆಗೆ ಸಾಲಾಗಿ ಒಂಬತ್ತು ವಿಶ್ವಪಟ್ಟ ಗೆದ್ದಾಗ ಪಕ್ಕದಲ್ಲಿ ಡೇನಿಯಲ್ ಎಲೆನಾ ಇದ್ದ. ಕನ್ನಡಕ್ಕೆ ದ್ವಿವಚನವಿಲ್ಲ, ನಮ್ಮ ಪತ್ರಿಕೆಗಳು ಚಾಲಕನ ಹೆಸರನ್ನಷ್ಟೇ ಹಾಕುವುದಕ್ಕೆ ಇದೇ ಕಾರಣವಿರಬೇಕು. ಅದೇ ಲೋಬ್ 2022ರಲ್ಲಿ ತನ್ನ 47ನೆಯ ವಯಸ್ಸಿನಲ್ಲಿ ಮಾಂಟೆ ಕಾರ್ಲೊವನ್ನು 10.5 ಸೆಕೆಂಡುಗಳಿಂದ ಗೆದ್ದಾಗ ಪಕ್ಕದಲ್ಲಿದ್ದವಳು ಇಸಾಬೆಲ್ ಗಾಲ್ಮಿಶ್. ವೃತ್ತಿಯಲ್ಲಿ ಗಣಿತದ ಮೇಡಂ. ಬೋಧಕವರ್ಗದ ಈ ಸಾಧನೆಯನ್ನು ಯಾವ ಶಿಕ್ಷಕರ ದಿನಾಚರಣೆಯಲ್ಲೂ ಯಾರೂ ಎತ್ತಲಿಲ್ಲವೆಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಸಂಧಿ ಪ್ರಕರಣ

ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ತಿರುವುಗಳೂ ಅಷ್ಟೇ.

‘ಊರು’ ‘ಅಲ್ಲಿ’ ಕೂಡಿ ‘ಊರಲ್ಲಿ’ ಆಗುವಾಗ ನಡುವಿನ ಉಕಾರ ಬಿದ್ದುಹೋಗುವಂತೆ, ತಿರುವಿನ ಒಳಮೂಲೆಯನ್ನು ನುಂಗಿ ಹೋಗುವುದು ಲೋಪ. ರ‍್ಯಾಲಿಯಲ್ಲಿ ಇದು ಜಾಣತನ. ಚರಂಡಿಗೆ ಎರಡು ಗಾಲಿ ಇಳಿಸಿ ಸೆಕೆಂಡು ಉಳಿಸುತ್ತಾರೆ. ಮೂಲೆಯಲ್ಲಿ ಕಲ್ಲಿದ್ದರೆ ಮಾತ್ರ ‘ಕಟ್ ಬೇಡ’. ಡಾಂಬರಿನಲ್ಲಿ ಇದೇ ಅಪರಾಧ. ನಾಲ್ಕೂ ಗಾಲಿ ಬಿಳಿ ಗೆರೆ ದಾಟಿದರೆ ಆ ಸುತ್ತಿನ ಸಮಯವೇ ಲೋಪ. 2023ರ ಆಸ್ಟ್ರಿಯಾ ಗ್ರ್ಯಾನ್ ಪ್ರೀಯಲ್ಲಿ ಇಂಥ 1,200ಕ್ಕೂ ಹೆಚ್ಚು ಪ್ರಕರಣಗಳನ್ನು ಪರಿಶೀಲಿಸಬೇಕಾಯಿತು. ಮೌಲ್ಯಮಾಪನದ ಬವಣೆ ನನಗೆ ಗೊತ್ತು. ಆ ಅಧಿಕಾರಿಗಳಿಗೆ ದಿನಭತ್ಯೆ ಸರಿಯಾಗಿ ಸಿಕ್ಕಿರಲೆಂದು ಹಾರೈಸುತ್ತೇನೆ.

ಇಲ್ಲದ ಅಕ್ಷರ ನಡುವೆ ಬಂದು ಕೂರುವುದು ಆಗಮ. ಮುಂದಿನ ಕಾರುಗಳು ಮೂಲೆ ನುಂಗಿದಾಗ ಎಳೆದು ತಂದ ಕೆಸರು, ಕಲ್ಲು ಹಿಂದಿನವನ ಪಾಲಿಗೆ ಆಗಮ. ಅಂದರೆ ಒಬ್ಬನ ಲೋಪವೇ ಇನ್ನೊಬ್ಬನ ಆಗಮ. ಇದನ್ನು ನಮ್ಮ ಹಳೆಯ ವೈಯಾಕರಣ ಕೇಶಿರಾಜ ಹೇಳಿಲ್ಲ. ಶಾಸ್ತ್ರಕ್ಕೆ ನನ್ನ ಕಾಣಿಕೆ. ಡಾಂಬರಿನಲ್ಲಿ ಆಗಮ ಅಪರೂಪವಾದರೂ ನಮ್ಮ ದೇಶ ಆ ಕೊರತೆ ನೀಗಿಸಿದೆ. 2011ರಲ್ಲಿ ಬುದ್ಧ ಸರ್ಕ್ಯೂಟ್‌ನಲ್ಲಿ ಭಾರತದ ಮೊದಲ ಗ್ರ್ಯಾನ್ ಪ್ರೀಯ ಮೊದಲ ಅಭ್ಯಾಸ ಶುರುವಾಗುತ್ತಿದ್ದಂತೆ ಒಂದು ನಾಯಿ ಟ್ರ್ಯಾಕಿಗಿಳಿದು, ಕೆಂಪು ಬಾವುಟ ತೋರಿಸಿ ಎಲ್ಲರನ್ನೂ ನಿಲ್ಲಿಸಬೇಕಾಯಿತು.

ಒಂದರ ಜಾಗಕ್ಕೆ ಇನ್ನೊಂದು ಬರುವುದು ಆದೇಶ. ಇದಕ್ಕೆ ಶುದ್ಧ ಉದಾಹರಣೆ ಡಾಂಬರಿನಲ್ಲಿದೆ. 2010ರಲ್ಲಿ ಹಾಕೆನ್‌ಹೈಮ್‌ನಲ್ಲಿ ಮುಂದಿದ್ದ ಫೆಲಿಪೆ ಮಾಸಾಗೆ, ಹಿಂದಿರುವ ಫರ್ನಾಂಡೊ ನಿನಗಿಂತ ವೇಗವಾಗಿದ್ದಾನೆ ಎಂಬ ಸುದ್ದಿ ರೇಡಿಯೊದಲ್ಲಿ ಬಂತು. ಸುದ್ದಿ ಕೇಳಿದ ಮಾಸಾ ಜಾಗ ಬಿಟ್ಟ. ಅವನ ಜಾಗಕ್ಕೆ ಫರ್ನಾಂಡೊ ಅಲೊನ್ಸೊ ಬಂದ. ವ್ಯಾಕರಣದ ಆದೇಶ, ಮೇಲಿನವರ ಆದೇಶ ಎರಡೂ ಒಂದೇ ಗಳಿಗೆಯಲ್ಲಿ ಸಿದ್ಧಿಸಿದವು. ಇಬ್ಬರದೂ ಒಂದೇ ತಂಡ, ಫೆರಾರಿ; ಅದಕ್ಕೆ ಬಿದ್ದ ದಂಡ ಒಂದು ಲಕ್ಷ ಡಾಲರು. ಶ್ಲೇಷಾಲಂಕಾರಕ್ಕೆ ಇಷ್ಟು ಬೆಲೆ ತೆತ್ತವರು ಇನ್ನಿಲ್ಲ.

ಇವಲ್ಲದೆ, ಸಂಧಿಯಾಗಬೇಕಾದಲ್ಲಿ ಆಗದೆ ಇದ್ದದ್ದು ಇದ್ದಹಾಗೇ ನೇರ ಹೋಗುವುದಕ್ಕೆ ಪ್ರಕೃತಿಭಾವ ಎನ್ನುತ್ತಾರೆ. ‘ಅಯ್ಯೋ’, ‘ಓಹೋ’ ಮುಂತಾದ ಅವ್ಯಯಗಳ ಮುಂದೆ ಸ್ವರ ಬಂದಾಗ ಹೀಗಾಗುತ್ತದೆ. ತಿರುವಿನಲ್ಲಿ ತಿರುಗದೆ ನೇರ ಹೋದ ಕಾರು ಪ್ರಕೃತಿಯಲ್ಲಿ ಲೀನವಾಗುವುದರಿಂದ ಹೆಸರು ಅನ್ವರ್ಥ. ಎರಡು ಸಲದ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಜಿಮ್ ಕ್ಲಾರ್ಕ್ 1966ರಲ್ಲಿ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಗೆ ಲೋಟಸ್ ಕಾರ್ಟಿನಾ ತಂದು, ಪಳಗಿದವರೇ ಬೆರಗಾಗುವಂತೆ ಓಡಿಸಿ, ಕೊನೆಗೆ ಪ್ರಕೃತಿಭಾವ ಹೊಂದಿದ. ರೈಕೊನೆನ್‌ನ ಪ್ರಕೃತಿಭಾವಗಳನ್ನು ಎಣಿಸುತ್ತ ಹೋದರೆ ಬೇರೆ ಸಂಪುಟವೇ ಬೇಕು.

ಪ್ರಕ್ಷಿಪ್ತ ವಿಚಾರ

ಹೆನ್ರಿ ಟೊಯ್ವೊನೆನ್ 1986ರಲ್ಲಿ ಪೋರ್ಚುಗಲ್‌ನ ಎಸ್ಟೊರಿಲ್ ಟ್ರ್ಯಾಕಿನಲ್ಲಿ ಲಾನ್ಸಿಯಾ ರ‍್ಯಾಲಿ ಕಾರು ಓಡಿಸಿ, ಫಾರ್ಮುಲಾ ಒನ್ ಸಾಲಿನಲ್ಲಿ ಆರನೆಯವನಾಗಿ ನಿಲ್ಲಬಹುದಾದ ಸಮಯ ಗಳಿಸಿದನೆಂದು ಮಣ್ಣಿನ ಪಕ್ಷದವರು ಕೈ ತಟ್ಟಿ ಹೇಳುತ್ತಾರೆ. ನಂಬತಕ್ಕ ಹಸ್ತಪ್ರತಿ ನನಗೆ ಸಿಕ್ಕಿಲ್ಲ. ಭಕ್ತರು ಸೇರಿಸಿದ ಪದ್ಯವೆಂದು ಕೈಬಿಟ್ಟಿದ್ದೇನೆ. ಅಳಿಯ ಎರಡು ದಿನ ಮಾತು ಬಿಟ್ಟ.

ಉಭಯಚಕ್ರವರ್ತಿಗಳು

ಕನ್ನಡ, ಸಂಸ್ಕೃತ ಎರಡರಲ್ಲೂ ಬರೆದ ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದಿತ್ತು. ಇಲ್ಲಿ ಅದು ಸಲ್ಲಬೇಕಾದದ್ದು ವಿಕ್ ಎಲ್ಫರ್ಡ್‌ಗೆ. 1968ರ ಜನವರಿಯಲ್ಲಿ ಪೋರ್ಷೆಯಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದು, ಒಂದು ವಾರ ಕಳೆಯುವಷ್ಟರಲ್ಲಿ ಅಮೆರಿಕದ ಡೇಟೋನಾದಲ್ಲಿ 24 ಗಂಟೆಯ ಪಂದ್ಯ ಗೆದ್ದ. ಅದೇ ವರ್ಷ ರೂಆನ್‌ನಲ್ಲಿ ತನ್ನ ಮೊದಲ ಫಾರ್ಮುಲಾ ಒನ್ ಪಂದ್ಯದಲ್ಲೇ, ಸುರಿಯುವ ಮಳೆಯಲ್ಲಿ, ನಾಲ್ಕನೆಯವನಾದ. ಇವನ ಪೂರ್ವಾಶ್ರಮ ನೋಡಿ: ಮೊದಲು ಪಕ್ಕದ ಸೀಟಿನಲ್ಲಿ ಕೂತು ಭಾಗವತಿಕೆ ಮಾಡಿದವನು.

ಲೋಬ್‌ನ ಕತೆ ಬೇರೆ. 2006ರ ಲ ಮಾನ್ 24 ಗಂಟೆ ಪಂದ್ಯದಲ್ಲಿ ಅವನ ತಂಡ ಎರಡನೆಯದು. 2008ರಲ್ಲಿ ಬಾರ್ಸಿಲೋನಾದಲ್ಲಿ ರೆಡ್ ಬುಲ್ ಫಾರ್ಮುಲಾ ಒನ್ ಕಾರಿನ ಪರೀಕ್ಷೆಯಲ್ಲಿ 17 ಜನರಲ್ಲಿ ಎಂಟನೆಯವನು. ಮರುವರ್ಷ ಅಬುಧಾಬಿಯಲ್ಲಿ ನಿಜವಾದ ಪಂದ್ಯಕ್ಕೇ ಇಳಿಯುತ್ತೇನೆಂದರೆ ಸೂಪರ್ ಲೈಸೆನ್ಸ್ ಸಿಗಲಿಲ್ಲ. ಆಗಲೇ ಐದು ಕಾವ್ಯ ಬರೆದಿದ್ದವನಿಗೆ ಸ್ಲೆಟ್ ಪಾಸಾಗಿಲ್ಲವೆಂದು ಪಾಠ ಹೇಳಲು ಬಿಡದಂತಾಯಿತು.

ಮಣ್ಣಿನವರನ್ನೂ ಡಾಂಬರಿನವರನ್ನೂ ಒಂದೇ ಬಗೆಯ ಕಾರಿನಲ್ಲಿ ಕೂರಿಸಿ ನೋಡುವ ‘ರೇಸ್ ಆಫ್ ಚಾಂಪಿಯನ್ಸ್’ ಎಂಬ ಪಂದ್ಯವೂ ಇದೆ. ಅಲ್ಲಿಂದಲೂ ತೀರ್ಪು ಹುಟ್ಟಲಿಲ್ಲ. 2015ರಲ್ಲಿ ಲಂಡನ್ನಿನ ಕ್ರೀಡಾಂಗಣದಲ್ಲಿ ಡಾಂಬರಿನ ಪಕ್ಷದ ವೆಟೆಲ್ ಗೆದ್ದ. 2022ರಲ್ಲಿ ಸ್ವೀಡನ್ನಿನ ಹಿಮದ ಮೇಲೆ ಲೋಬ್ ಅದೇ ವೆಟೆಲ್‌ನನ್ನು ಫೈನಲ್‌ನಲ್ಲಿ ಸೋಲಿಸಿದ.

ರಾಬರ್ಟ್ ಕುಬಿತ್ಸಾನ ಬಗ್ಗೆ ಬರೆಯುವಾಗ ಮಾತ್ರ ನನ್ನ ಶಾಸ್ತ್ರದ ಪೇಟ ತೆಗೆದಿಡುತ್ತೇನೆ. ಫಾರ್ಮುಲಾ ಒನ್ ಪಂದ್ಯ ಗೆದ್ದಿದ್ದವನು, ರ‍್ಯಾಲಿಯ ಮೋಹ ಬಿಡದೆ 2011ರ ಫೆಬ್ರುವರಿಯಲ್ಲಿ ಇಟಲಿಯ ಒಂದು ಸಣ್ಣ ರ‍್ಯಾಲಿಗೆ ಹೋದ. ರಸ್ತೆಬದಿಯ ಕಬ್ಬಿಣದ ತಡೆ ಕಾರಿನೊಳಕ್ಕೆ ನುಗ್ಗಿತು. ಬಲಗೈ ಅರ್ಧ ಕಡಿದುಹೋಗಿತ್ತು. 2013ರಲ್ಲಿ ವಿಶ್ವ ರ‍್ಯಾಲಿಯ ಎರಡನೆಯ ದರ್ಜೆಯ ಪಟ್ಟ ಗೆದ್ದ. 2014ರ ಮಾಂಟೆ ಕಾರ್ಲೊದ ಮೊದಲ ಎರಡು ಹಂತಗಳಲ್ಲಿ ಅವನೇ ಎಲ್ಲರಿಗಿಂತ ವೇಗಿ. 2019ರಲ್ಲಿ ಫಾರ್ಮುಲಾ ಒನ್‌ಗೆ ಮರಳಿದ. 2025ರಲ್ಲಿ ಫೆರಾರಿಯಲ್ಲಿ ಲ ಮಾನ್ ಗೆದ್ದಾಗ ಕೊನೆಯ ಸರದಿಯಲ್ಲಿ ಚುಕ್ಕಾಣಿ ಹಿಡಿದದ್ದು ಆ ಕೈಯೇ. ಯಾರು ಹೆಚ್ಚು ಎಂಬ ಪ್ರಶ್ನೆಯನ್ನು ಇವನೆದುರು ಎತ್ತಲು ನನಗೆ ಬಾಯಿ ಬಾರದು.

ಕ್ಷೇತ್ರಕಾರ್ಯ

ಪ್ರಯೋಗವಿಲ್ಲದ ಸಿದ್ಧಾಂತ ಉಪ್ಪಿಲ್ಲದ ಸಾರು. ಆದ್ದರಿಂದ ತೋಟದ ದಾರಿಯಲ್ಲಿ ಅಳಿಯನ ಕಾರಿನಲ್ಲಿ ನಾನೇ ಭಾಗವತನಾದೆ. ಹತ್ತುವಾಗ ಪ್ರತಿ ತಿರುವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎಡ ನಾಲ್ಕು, ಬಲ ಎರಡು ಎಂದು ಕ್ರಿಯಾಪದವಿಲ್ಲದೆ ಬರೆಯಲು ಮನಸ್ಸು ಒಪ್ಪಲಿಲ್ಲ. ಕರ್ತೃ, ಕರ್ಮ, ಕ್ರಿಯೆ ಮೂರೂ ಇರುವ ಪೂರ್ಣವಾಕ್ಯಗಳನ್ನೇ ರಚಿಸಿದೆ. ಇಳಿಯುವಾಗ ಅವನು ಓಡಿಸಿದ, ನಾನು ಓದಿದೆ. ವೇಗ ಇಪ್ಪತ್ತೈದರ ಆಸುಪಾಸು. ಮೊದಲ ಮೂರು ಸಂಧಿಗಳು ಸುಸೂತ್ರವಾಗಿ ಬಿಡಿಸಿಕೊಂಡವು.

ನಾಲ್ಕನೆಯದಕ್ಕೆ ಬಂದೆ. “ಮುಂದೆ ಕಾಣಿಸಿಕೊಳ್ಳಲಿರುವ ಹಲಸಿನ ಮರದ ಬುಡದಿಂದ ಸುಮಾರು ಹತ್ತು ಮಾರು ದೂರದಲ್ಲಿರುವ, ಮೇಲ್ನೋಟಕ್ಕೆ ಸೌಮ್ಯವೆನಿಸಿದರೂ ವಸ್ತುತಃ ಕಡಿದಾದ ತಿರುವಿನಲ್ಲಿ, ಚಾಲಕನಾದವನು ತನ್ನ ವಾಹನವನ್ನು...”

ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ‘ಬಲಕ್ಕೆ ತಿರುಗಿಸತಕ್ಕದ್ದು’ ಎಂಬ ಭಾಗ ಮುಂದಿನ ಪುಟದಲ್ಲಿತ್ತು. ಪುಟ ತಿರುಗಿಸುವಷ್ಟರಲ್ಲಿ ಕಾರು ದಾರಿ ಬಿಟ್ಟು, ನಾಲ್ಕು ಕಾಫಿ ಗಿಡಗಳನ್ನು ಬಗ್ಗಿಸಿಕೊಂಡು, ಐದನೆಯದಕ್ಕೆ ಒರಗಿ ನಿಂತಿತು. ಬಾನೆಟ್ಟಿನ ಮೇಲೆ ಹಣ್ಣುಗಳು ಟಪಟಪನೆ ಉದುರಿದವು.

“ಅಯ್ಯೋ ಇದೇನು ಮಾವ!” ಎಂದು ಅಳಿಯ ಕೂಗಿದ.

ಅವನ ಉಚ್ಚಾರಣೆ ನಿರ್ದುಷ್ಟವಾಗಿತ್ತು. ‘ಅಯ್ಯೋ’ದ ಓಕಾರದ ಮುಂದೆ ‘ಇದೇನು’ವಿನ ಇಕಾರ ಬಂದರೂ ನಡುವೆ ಸಂಧಿಯಾಗಿರಲಿಲ್ಲ.