ಒಂಟಿ ಗೀರಿನ ಅಹವಾಲು

ಕೀಬೋರ್ಡಿನ ಎಡಮೂಲೆಯಲ್ಲಿ, ಟ್ಯಾಬ್ ಕೀಲಿಯ ನೆತ್ತಿಯ ಮೇಲೆ ಕೂತಿರುವ ಓರೆ ಗೀರಿಗೆ ಬ್ಯಾಕ್‌ಟಿಕ್ ಎಂದು ಹೆಸರು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡುವವರಿಗೆ ಅದು ಒತ್ವ ಕೊಡುವ ಕೀಲಿ. ಹಾಗಾಗಿ ಅವರಲ್ಲಿ ಅನೇಕರು ಈ ಗೀರಿನ ಮುಖ ನೋಡಿರಲಿಕ್ಕಿಲ್ಲ. ಆಸ್ಕಿ ಪಟ್ಟಿಯಲ್ಲಿ ಇದರ ಸಂಖ್ಯೆ 96. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಯಲ್ಲಿ ಈ ಗೀರು ಒಂದಿದ್ದಲ್ಲಿ ಎರಡು ಮಾಡುವ, ತಲೆಬರಹದ ಅಡಿಗೆರೆ ಗಿಡ್ಡವಾಗಿದ್ದಲ್ಲಿ ಉದ್ದ ಮಾಡುವ ಕೆಲಸವನ್ನು ಜನ ವರ್ಷಗಟ್ಟಲೆಯಿಂದ ಮಾಡುತ್ತಲೇ ಇದ್ದಾರೆ. ಇದು ಕೆಲಸವೋ ಕಾಲಹರಣವೋ ಎಂದು ಊರವರನ್ನೆಲ್ಲ ಕೇಳುವುದಕ್ಕಿಂತ ಫಲಾನುಭವಿಯನ್ನೇ ಕೇಳಿಬಿಡುವುದು ವಾಸಿ.

ಪ್ರಶ್ನೆ: ನಿಮ್ಮ ಸರ್ವೀಸ್ ರೆಕಾರ್ಡ್ ಅಷ್ಟು ಚೆನ್ನಾಗಿಲ್ಲವಂತೆ? ಪೈಥಾನ್ ನಿಮ್ಮನ್ನು ಕೆಲಸದಿಂದ ತೆಗೆದಿತ್ತಲ್ಲ?

ಬ್ಯಾಕ್‌ಟಿಕ್: ಮುಚ್ಚಿಡುವುದೇನಿದೆ, ತೆಗೆದಿದ್ದು ನಿಜ. ಪೈಥಾನ್ 2ರಲ್ಲಿ ಯಾವುದೇ ವಸ್ತುವಿನ ಎರಡೂ ಬದಿಗೆ ನನ್ನನ್ನು ನಿಲ್ಲಿಸಿದರೆ ಅದರ ಅಕ್ಷರರೂಪ ಕೈಗೆ ಬರುತ್ತಿತ್ತು. 2008ರ ಡಿಸೆಂಬರ್‌ನಲ್ಲಿ ಪೈಥಾನ್ 3.0 ಬಂದಾಗ ಆ ಹುದ್ದೆಯನ್ನೇ ರದ್ದು ಮಾಡಿದರು. ಕೆಲವು ಫಾಂಟ್‌ಗಳಲ್ಲಿ, ಕೆಲವು ಕೀಬೋರ್ಡ್‌ಗಳಲ್ಲಿ, ಪುಸ್ತಕ ಅಚ್ಚು ಹಾಕುವಾಗ ನಾನು ತಲೆನೋವು ಎಂದು ಪೈಥಾನಿನ ಪ್ರಸ್ತಾವ ದಾಖಲೆ ಪೆಪ್ 3099ರಲ್ಲಿ ಬರೆದೂ ಇಟ್ಟರು. ಬೇರೆ ಕೆಲಸಕ್ಕೂ ಸಿಗುವುದಿಲ್ಲ ಎಂಬ ಷರಾ ಬೇರೆ. ತಮಾಷೆ ನೋಡಿ. ಅದೇ ವರ್ಷದ 2.6 ಮತ್ತು 3.0 ಆವೃತ್ತಿಗಳ ಜೊತೆ ಪೈಥಾನ್ ಕೈಪಿಡಿ ಲೇಟೆಕ್ ಎಂಬ ಬರಹ ಪದ್ಧತಿಯಿಂದ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ಗೆ ಬದಲಾಯಿತು. ಗಿಯಾರ್ಗ್ ಬ್ರಾಂಡ್ಲ್ ಬರೆದ ಸ್ಫಿಂಕ್ಸ್ ಎಂಬ ತಂತ್ರಾಂಶ ಅದನ್ನು ಪುಟವಾಗಿಸತೊಡಗಿತು. ಈ ಹೊಸ ಪದ್ಧತಿಯಲ್ಲಿ ನಾನಿಲ್ಲದೆ ಒಂದು ಪ್ಯಾರಾ ಮುಂದೆ ಸಾಗದು. ನಿವೃತ್ತಿಯೂ ಮರುನೇಮಕವೂ ಒಂದೇ ವರ್ಷ! ನಿಮ್ಮ ಇಲಾಖೆಗಳಲ್ಲಾದರೂ ನಡುವೆ ಬೀಳ್ಕೊಡುಗೆ ಸಮಾರಂಭ ಇರುತ್ತದೆ.

ಪ್ರಶ್ನೆ: ಮತ್ತೆ ತಕರಾರು ಏನು?

ಬ್ಯಾಕ್‌ಟಿಕ್: ನನಗೆ ಎರಡು ಮನೆ, ಎರಡು ರಿವಾಜು. 2004ರಲ್ಲಿ ಜಾನ್ ಗ್ರೂಬರ್ ತಂದ ಮಾರ್ಕ್‌ಡೌನ್‌ನಲ್ಲಿ ನಾನು ಆಚೆಗೊಬ್ಬ ಈಚೆಗೊಬ್ಬ ನಿಂತರೆ ಸಾಕು, ಒಳಗಿರುವುದು ಕೋಡ್. ಅದಕ್ಕೂ ಮೊದಲೇ ಡೇವಿಡ್ ಗುಡ್ಜರ್ ರೂಪಿಸಿದ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ ಕೋಡ್ ಎನ್ನಿಸಿಕೊಳ್ಳಲು ಆಚೆ ಇಬ್ಬರು, ಈಚೆ ಇಬ್ಬರು ಬೇಕು. ಒಬ್ಬೊಬ್ಬನೇ ನಿಂತರೆ ಅದಕ್ಕೆ ‘ಇದಕ್ಕೊಂದು ಪಾತ್ರವಿದೆ’ ಎಂದು ಅರ್ಥ. ಯಾವ ಪಾತ್ರ ಎಂದು ಹೇಳದಿದ್ದರೆ ಪುಸ್ತಕದ ಶೀರ್ಷಿಕೆಯ ಪಾತ್ರವೇ ಗತಿ. ಮಾರ್ಕ್‌ಡೌನ್ ಮನೆಯಲ್ಲಿ ಬೆಳೆದವರು ಇಲ್ಲಿಗೆ ಬಂದು ಅಭ್ಯಾಸಬಲದಿಂದ ಒಂಟಿ ಗೀರು ಎಳೆಯುತ್ತಾರೆ. ಪಾಪ, ಆ ಫಂಕ್ಷನ್ನಿನ ಹೆಸರು ಕಾದಂಬರಿಯ ಹೆಸರಿನ ಹಾಗೆ ಓರೆ ಅಕ್ಷರದಲ್ಲಿ ವಾಲಿಕೊಂಡು ನಿಲ್ಲುತ್ತದೆ. ಪೈಥಾನ್ ಕೈಪಿಡಿಯ ರೂಢಿಯಲ್ಲಿ ಓರೆ ಅಕ್ಷರ ಪ್ಯಾರಾಮೀಟರ್‌ಗೆ ಮೀಸಲು. ಓದುವವನು ಫಂಕ್ಷನ್ನನ್ನು ಪ್ಯಾರಾಮೀಟರ್ ಎಂದುಕೊಂಡರೆ ತಪ್ಪು ಅವನದಲ್ಲ.

ಪ್ರಶ್ನೆ: ಎಷ್ಟೆಂದರೂ ಈ ತಿದ್ದುವ ಕೆಲಸ ಗೋಡೆಗೆ ಸುಣ್ಣ ಬಳಿದ ಹಾಗೆ ಅಲ್ಲವೇ? ವಿಷಯ ಸರಿಯಿದ್ದರೆ ಓದುಗ ಹೇಗೋ ಅರ್ಥ ಮಾಡಿಕೊಳ್ಳುತ್ತಾನೆ.

ಬ್ಯಾಕ್‌ಟಿಕ್: ಕನ್ನಡದವರು ಈ ಮಾತು ಆಡಬಾರದು. ‘ದ’ಕಾರದ ಹೊಟ್ಟೆ ಸೀಳುವ ಗೀರು ನನಗಿಂತ ದೊಡ್ಡದೇನಲ್ಲ, ಅದಿಲ್ಲದಿದ್ದರೆ ಧನ ಹೋಗಿ ದನ ಉಳಿಯುತ್ತದೆ. ಅದು ಅಲಂಕಾರ ಎಂದು ಯಾವ ಮೇಷ್ಟರೂ ಬಿಟ್ಟುಕೊಟ್ಟಿಲ್ಲ. ಪೈಥಾನ್ ವಸ್ತುಗಳನ್ನು ಕಡತದಲ್ಲಿ ಕಟ್ಟಿಡುವ ಪಿಕಲ್ ಮಾಡ್ಯೂಲಿನ ಪುಟವನ್ನೇ ತೆಗೆದುಕೊಳ್ಳಿ. ಗುರುತು ಪರಿಚಯವಿಲ್ಲದವರು ಕೊಟ್ಟ ಉಪ್ಪಿನಕಾಯಿ ಭರಣಿ ಬಿಚ್ಚಬೇಡಿ, ಬಿಚ್ಚುವಾಗಲೇ ಅದರೊಳಗಿನ ಕೋಡ್ ಓಡಬಹುದು ಎಂಬ ಎಚ್ಚರಿಕೆ ಆರಂಭದಲ್ಲೇ ಪೆಟ್ಟಿಗೆ ಕಟ್ಟಿಕೊಂಡು ನಿಂತಿದೆ. ಮೂಲ ಕಡತದಲ್ಲಿ ಆ ಪೆಟ್ಟಿಗೆ ಅಂದರೆ ಎರಡು ಚುಕ್ಕಿ, ‘ವಾರ್ನಿಂಗ್’ ಎಂಬ ಪದ, ಎರಡು ಕೋಲನ್. ಅದರಲ್ಲಿ ಒಂದೇ ಒಂದು ಕೋಲನ್ ಬಿಟ್ಟುಹೋಯಿತು ಎನ್ನಿ: ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಅದನ್ನು ಬರೆದವರ ಖಾಸಗಿ ಟಿಪ್ಪಣಿ ಎಂದು ತಿಳಿದು ಇಡೀ ಎಚ್ಚರಿಕೆಯನ್ನು ಪುಟದಿಂದ ಮಾಯ ಮಾಡುತ್ತದೆ. ದೋಷದ ಸಂದೇಶವೂ ಬರುವುದಿಲ್ಲ, ಏಕೆಂದರೆ ಟಿಪ್ಪಣಿ ಬರೆಯುವುದು ದೋಷವಲ್ಲ. ಇನ್ನೊಂದು, ದಿನಾ ಆಗುವಂಥದ್ದು. ಆವೃತ್ತಿ ಕೇಳಲು ಪೈಥಾನ್ ಎಂದು ಬರೆದು, ಎರಡು ಅಡ್ಡಗೆರೆ ಹಾಕಿ ‘ವರ್ಷನ್’ ಎನ್ನುತ್ತೀರಲ್ಲ, ಅದನ್ನು ಜೋಡಿ ಗೀರಿನೊಳಗೆ ಇಡದೆ ಸಾದಾ ವಾಕ್ಯದಲ್ಲಿ ಬಿಟ್ಟರೆ ಸ್ಫಿಂಕ್ಸ್ ಮುದ್ರಣದ ಅಂದಕ್ಕೆಂದು ಎರಡು ಗೆರೆಯನ್ನು ಬೆಸೆದು ಒಂದು ಉದ್ದ ಗೆರೆ ಮಾಡುತ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗದು. ಅದನ್ನು ಎತ್ತಿ ಟರ್ಮಿನಲ್‌ಗೆ ಅಂಟಿಸಿದ ಹುಡುಗಿಗೆ ಮಾತ್ರ ಆ ಹೆಸರಿನ ಕಡತ ತೆರೆಯಲಾಗುತ್ತಿಲ್ಲ ಎಂಬ ಉತ್ತರ ಬರುತ್ತದೆ. ಅವಳು ಪುಟವನ್ನು ಅನುಮಾನಿಸುವುದಿಲ್ಲ, ತನ್ನನ್ನೇ ಅನುಮಾನಿಸಿಕೊಳ್ಳುತ್ತಾಳೆ. ಸುಣ್ಣ ಬಳಿಯದ ಗೋಡೆ ಹೀಗೆ ಯಾರಿಗೂ ಮೋಸ ಮಾಡಿದ್ದಿಲ್ಲ.

ಪ್ರಶ್ನೆ: ಆದರೂ ಇಂಥ ತಿದ್ದುಪಡಿಯ ನೆಪದಲ್ಲಿ ಪುಕ್ಕಟೆ ಹೆಸರು ಮಾಡುವವರು ಎಷ್ಟು ಜನ!

ಬ್ಯಾಕ್‌ಟಿಕ್: ಇದ್ದಾರೆ. 2020ರಲ್ಲಿ, ತಿದ್ದುಪಡಿ ಕಳಿಸಿದವರಿಗೆ ಬಹುಮಾನ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನದಲ್ಲಿ ಒಂದು ಟೀ ಶರ್ಟಿನ ಆಸೆಗೆ ಕಂಡಕಂಡ ಕಡತಕ್ಕೆ ಅರ್ಥವಿಲ್ಲದ ಪದ ಸೇರಿಸಿ ಕಳಿಸಿದರು; ಯೋಜನೆಗಳು ಒಪ್ಪಿದರೆ ಮಾತ್ರ ಲೆಕ್ಕ ಎಂದು ಆಗ ನಿಯಮವನ್ನೇ ಬದಲಿಸಬೇಕಾಯಿತು. ಅವರು ಮಾಡಿದ್ದು ತಿದ್ದುಪಡಿಯಲ್ಲ, ಗೀಚುವಿಕೆ. ಕಳ್ಳನಿಗೆ ಹೆದರಿ ಮನೆಗೆ ಬಾಗಿಲೇ ಇಡಬಾರದು ಎಂದರೆ ಹೇಗೆ?

ಪ್ರಶ್ನೆ: ಈ ತಿದ್ದುಪಡಿಗಳ ಬಗ್ಗೆ ಅನುವಾದಕರ ದೂರು ಮಾತ್ರ ಗಟ್ಟಿಯಾಗಿದೆ.

ಬ್ಯಾಕ್‌ಟಿಕ್: (ಸ್ವಲ್ಪ ತಡೆದು) ಹೌದು, ಅಲ್ಲಿ ನನ್ನ ತಲೆ ತಗ್ಗುತ್ತದೆ. ಪೈಥಾನ್ ಕೈಪಿಡಿಯ ಅನುವಾದ ನಡೆಯುವುದು ಪ್ಯಾರಾ ಲೆಕ್ಕದಲ್ಲಿ: ಇಂಗ್ಲಿಷ್ ಪ್ಯಾರಾವೇ ಕೀಲಿ, ಅದರ ಎದುರಿಗೆ ಜಪಾನಿಯೋ ಫ್ರೆಂಚೋ. ಮೂಲದಲ್ಲಿ ಒಂದು ಗೀರು ಹೆಚ್ಚಾದರೂ ಕೀಲಿ ಬದಲಾಯಿತು. ಆ ಅನುವಾದಕ್ಕೆ ‘ಅನುಮಾನಾಸ್ಪದ’ ಎಂಬ ಮುದ್ರೆ ಬಿತ್ತು, ಎಲ್ಲ ಭಾಷೆಗಳವರೂ ಅದನ್ನು ಮತ್ತೆ ನೋಡಿ ಒಪ್ಪಬೇಕು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಹಾಗಾಗಿ, ಅರ್ಥ ಒಂದಿಷ್ಟೂ ಬದಲಾಗದ, ಪುಟದಲ್ಲಿ ಕಾಣದ ಚಪಲಗಳನ್ನು ಕೈಬಿಡಿ ಎನ್ನುವವನು ನಾನೂ ಹೌದು. ಸಾಲು ಎಲ್ಲಿ ಮುರಿಯಬೇಕು ಎಂದು ಇಡೀ ಕಡತ ಕೆದಕುವವರನ್ನು ಕಂಡರೆ ನನಗೂ ಆಗುವುದಿಲ್ಲ. ಆದರೆ ಪುಟದಲ್ಲಿ ತಪ್ಪು ಕಾಣುತ್ತಿದ್ದರೆ ಅನುವಾದಕರೂ ಅದೇ ತಪ್ಪನ್ನು ನಕಲು ಮಾಡಿರುತ್ತಾರೆ, ಅವರೂ ಒಮ್ಮೆ ತಿರುಗಿ ನೋಡಲೇಬೇಕು. ಇತಿಹಾಸ ಕೆಡುತ್ತದೆ, ಯಾವ ಸಾಲು ಯಾರು ಬರೆದರು ಎಂದು ತಿಳಿಯದು ಎಂಬ ಇನ್ನೊಂದು ದೂರಿದೆ. ಅದು ಈಗ ಸಣ್ಣದು: ರೂಪದ ತಿದ್ದುಪಡಿಯನ್ನು ವಿಷಯದ ಜೊತೆ ಕಲಸದೆ ಪ್ರತ್ಯೇಕ ಕಮಿಟ್ ಮಾಡಿದರೆ, 2019ರಿಂದೀಚೆಗೆ, ಕಡತಗಳ ಇತಿಹಾಸ ಕಾಯುವ ಗಿಟ್‌ಗೆ ಅದೊಂದನ್ನು ದಾಟಿ ನೋಡು ಎಂದು ಹೇಳಬಹುದು.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಯಂತ್ರಕ್ಕೆ ಒಪ್ಪಿಸಿಬಿಟ್ಟರೆ?

ಬ್ಯಾಕ್‌ಟಿಕ್: ಹಿಡಿಯುವುದನ್ನು ಒಪ್ಪಿಸಿ. ಸ್ಫಿಂಕ್ಸ್-ಲಿಂಟ್ ಎಂಬ ಪಹರೆಯವನಿದ್ದಾನೆ, ಒಂಟಿ ಗೀರು ಕಂಡರೆ ಬಾಗಿಲಲ್ಲೇ ತಡೆಯುತ್ತಾನೆ. ಅನುವಾದಕರಿಗೆ ನಿಜವಾದ ಉಪಕಾರವೂ ಅದೇ. ತಪ್ಪು ಒಳಗೇ ಬರದಿದ್ದರೆ ಮುಂದೆ ತಿದ್ದುವ ಪ್ರಮೇಯವಿಲ್ಲ. ಆದರೆ ವಾಕ್ಯದಲ್ಲಿ ‘ಲಿಸ್ಟ್’ ಎಂದಿದ್ದರೆ ಅದು ಪೈಥಾನಿನ ಲಿಸ್ಟ್ ಕ್ಲಾಸೋ, ಫಂಕ್ಷನ್ನಿಗೆ ಕೊಟ್ಟ ಪ್ಯಾರಾಮೀಟರೋ, ಬರೀ ಪಟ್ಟಿ ಎಂಬ ಇಂಗ್ಲಿಷ್ ಪದವೋ? ಮೊದಲನೆಯದಕ್ಕೆ ಕೊಂಡಿ ಬೇಕು, ಎರಡನೆಯದಕ್ಕೆ ಓರೆ ಅಕ್ಷರ, ಮೂರನೆಯದನ್ನು ಮುಟ್ಟಲೇಬಾರದು. ವಾಕ್ಯ ಓದದೆ ಇದನ್ನು ಹೇಳಲಾಗದು. ಹಾಗೆ ಓದಲು ಕೂತವನಿಗೇ ಫಂಕ್ಷನ್ ಹೆಸರು ಬದಲಾಗಿ ಎಷ್ಟೋ ಕಾಲವಾಗಿದೆ, ವಿವರಣೆ ಹಳೆಯದು ಎಂಬುದು ಕಣ್ಣಿಗೆ ಬೀಳುವುದು. ಸುಣ್ಣ ಬಳಿಯಲು ಏಣಿ ಹತ್ತಿದವನಿಗೆ ತಾನೇ ಸೂರಿನ ಬಿರುಕು ಕಾಣುವುದು?

ಪ್ರಶ್ನೆ: ಕೊನೆಯದಾಗಿ, ಈ ಸಂದರ್ಶನದಲ್ಲಿ ನಿಮ್ಮನ್ನು ಹೇಗೆ ಅಚ್ಚು ಮಾಡಲಿ? ಒಂಟಿಯಾಗಿಯೋ ಜೋಡಿಯಾಗಿಯೋ?

ಬ್ಯಾಕ್‌ಟಿಕ್: ಅಕ್ಷರದಲ್ಲೇ ಬರೆದುಬಿಡಿ ಸ್ವಾಮಿ. ನಿಮ್ಮ ಡಿಟಿಪಿಯವರು ಯೂನಿಕೋಡ್ ಬಿಟ್ಟು ಹಳೆಯ ಫಾಂಟಿಗೆ ಸುರಿದುಕೊಂಡರೆ ಅಲ್ಲಿ ಇಂಗ್ಲಿಷಿನ ‘ಸಿ’ ಕೂಡ ಅಕಾರವಾಗಿ ಕೂರುತ್ತದೆ. ನನ್ನ ಜಾಗದಲ್ಲಿ ಯಾರು ಕೂತಿದ್ದಾರೋ ಯಾರಿಗೆ ಗೊತ್ತು?