ಮೊದಲ ಓಟದ ಅಧಿಕಾರಿ: ಅಭ್ಯಾಸವಿಲ್ಲದವನ ಪರವಾಗಿ ಒಂದು ಶಾಸ್ತ್ರವಿಚಾರ

ಶಾಸ್ತ್ರಗ್ರಂಥ ಬರೆಯಲು ಕೂತವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಬಾಗಿಲಲ್ಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಪ್ಪಣೆ. ಅದರಂತೆ ಈ ಗ್ರಂಥದ ವಿಷಯವೆಂದರೆ, ಬಾಗಲಕೋಟೆಯ ನವನಗರದಂಥ ಕಡೆ ಬೆಳಿಗ್ಗೆ ಆರಕ್ಕೆಂದು ಸಾರಿ ಏಳಕ್ಕೆ ಹೊರಡುವ, ಗೆಲುವು ಸೋಲಿನ ಹಂಗಿಲ್ಲದ, ಐದು ಕಿಲೋಮೀಟರಿನ ಮೋಜಿನ ಓಟ. ಸಂಬಂಧವೆಂದರೆ ಓಟಗಾರನಿಗೂ ಅವನ ಕೈಗೆ ಬಂದ ಟೀ ಶರ್ಟಿಗೂ ಇರುವಂಥದ್ದು; ಅದು ಸಾಮಾನ್ಯವಾಗಿ ಎರಡು ಅಳತೆ ದೊಡ್ಡದಿರುತ್ತದೆ. ಪ್ರಯೋಜನದಲ್ಲಿ ಕಣ್ಣಿಗೆ ಕಾಣುವ ದೃಷ್ಟ, ಕಾಣದ ಅದೃಷ್ಟ ಎಂದು ಎರಡು ಬಗೆ: ಕೊನೆಯಲ್ಲಿ ಸಿಗುವ ಉಪ್ಪಿಟ್ಟು ದೃಷ್ಟ, ಆರೋಗ್ಯ ಅದೃಷ್ಟ. ಈ ಮೂರರಲ್ಲಿ ಪಂಡಿತರಿಗೆ ತಕರಾರಿಲ್ಲ. ತಕರಾರೆಲ್ಲ ನಾಲ್ಕನೆಯದಾದ ಅಧಿಕಾರಿಯ ಬಗ್ಗೆ. ಈ ಓಟಕ್ಕೆ ಯೋಗ್ಯನಾದವನು ಯಾರು? ಮೂರು ತಿಂಗಳು ಮುಂಚೆಯೇ ನಸುಕಿನಲ್ಲೆದ್ದು ಕ್ರೀಡಾಂಗಣ ಸುತ್ತಿದವನು ಎಂಬುದು ಲೋಕದ ಮತ. ಹಿಂದಿನ ರಾತ್ರಿ ಗೆಳೆಯರ ಒತ್ತಾಯಕ್ಕೆ ಹೆಸರು ಕೊಟ್ಟು, ಬೆಳಿಗ್ಗೆ ಅದಕ್ಕಾಗಿ ಮರುಗುವವನೇ ನಿಜವಾದ ಅಧಿಕಾರಿ ಎಂಬುದು ನಮ್ಮ ಸಿದ್ಧಾಂತ.

ಮೊದಲು ಅನುಮಾನ ಪ್ರಮಾಣ, ಅಂದರೆ ತರ್ಕದಿಂದ ಸಾಧಿಸುವುದು. ಎಲ್ಲಿ ವೇಳೆಯ ಲೆಕ್ಕವಿದೆಯೋ ಅಲ್ಲಿ ಅಭ್ಯಾಸಿಯೇ ಅಧಿಕಾರಿ. ಇದಕ್ಕೆ ಒಲಿಂಪಿಕ್ಸ್ ಸಾಕ್ಷಿ. ಆದರೆ 1978ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಒಂದು ಪತ್ರಿಕೆ ಸಾರ್ವಜನಿಕರಿಗಾಗಿ ಮೋಜಿನ ಓಟ ಏರ್ಪಡಿಸಿದಂಥ ಪ್ರಯತ್ನಗಳಿಂದ, ಓಟದಲ್ಲಿ ವೇಳೆಯನ್ನೇ ಲೆಕ್ಕಿಸದ ಹೊಸ ಶಾಖೆಯೊಂದು ಬೆಳೆದಿದೆ. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ವರ್ಲ್ಡ್ 10ಕೆ ಓಟದ ಮಗ್ಗುಲಲ್ಲಿ ‘ಮಜಾ ರನ್’ ಬಂತು. 2014ರಿಂದ ಪ್ರತಿ ಅಕ್ಟೋಬರ್ 31ರಂದು, ಸರ್ದಾರ್ ಪಟೇಲರ ಜಯಂತಿಯ ದಿನ, ಜಿಲ್ಲೆ ಜಿಲ್ಲೆಗಳಲ್ಲಿ ಏಕತಾ ಓಟ ನಡೆಯುತ್ತಿದೆ. ಪಕ್ಕದ ವಿಜಯಪುರದವರು ಗಿಡ ನೆಡುವ ಸಂಕಲ್ಪವನ್ನೂ ಓಟವನ್ನೂ ಕೂಡಿಸಿ ವೃಕ್ಷಥಾನ್ ಮಾಡಿದ್ದಾರೆ. ಇಂಥ ಓಟದಲ್ಲಿ ಅಭ್ಯಾಸಿಯ ಸ್ಥಿತಿ ನೋಡಿ. ಅವನ ಕಣ್ಣು ಕೈಗಡಿಯಾರದಿಂದ ಮೇಲೇಳುವುದಿಲ್ಲ. ಹಲಗೆ ಬಾರಿಸುವ ಹುಡುಗರು ಅವನಿಗೆ ಕಾಣಿಸುವುದಿಲ್ಲ, ಕಂಡರೂ ಅಡ್ಡಿಯಾಗಿ ಕಾಣಿಸುತ್ತಾರೆ. ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿ ಬಂದರೆ ಉಪ್ಪಿಟ್ಟು ಇನ್ನೂ ಕುದಿಯುತ್ತಿರುತ್ತದೆ. ಮೋಜಿಲ್ಲದ, ಉಪ್ಪಿಟ್ಟೂ ಇಲ್ಲದ ಈ ಮನುಷ್ಯನನ್ನು ಮೋಜಿನ ಓಟದ ಅಧಿಕಾರಿ ಎನ್ನುವುದು ಯಾವ ತರ್ಕ?

ಎರಡನೆಯದು ಚರಿತ್ರೆಯ ಪ್ರಮಾಣ. ಬಾಗಲಕೋಟೆ ಸೀಮೆಯ ದೇಸಿ ಆಟಗಳನ್ನು ವರ್ಗೀಕರಿಸಿದರೆ ಒಂದು ಸತ್ಯ ಹೊಳೆಯುತ್ತದೆ: ಇಲ್ಲಿ ಮನುಷ್ಯ ಓಡುವ ಆಟ ಕಡಿಮೆ. ಸಂಗ್ರಾಣಿ ಕಲ್ಲು ಎತ್ತುವವನು ನಿಂತಲ್ಲೇ ಎತ್ತುತ್ತಾನೆ. ತೆರಬಂಡಿ ಸ್ಪರ್ಧೆಯಲ್ಲಿ ಬೆವರುವುದು ಎತ್ತು. ಮುಧೋಳದಲ್ಲಿ ಓಡುವ ಹೊಣೆಯನ್ನು ಬೇಟೆನಾಯಿಗೆ ವಹಿಸಿದ್ದಾರೆ. ಆ ತಳಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಅದನ್ನು ಸಾಕಿದವನದು ಬರಲಿಲ್ಲ. ಉಳಿದ ವೇಗವನ್ನೆಲ್ಲ ಜಿಲ್ಲೆಯ ಸೈಕಲ್ ಪಟುಗಳು ನೋಡಿಕೊಂಡಿದ್ದಾರೆ. ಹೀಗೆ ಓಟವನ್ನು ಎತ್ತು, ನಾಯಿ, ಗಾಲಿಗಳಿಗೆ ಹಂಚಿಕೊಟ್ಟು ದಡದಲ್ಲಿ ನಿಂತು ಶಿಳ್ಳೆ ಹೊಡೆದ ಪರಂಪರೆಗೆ ಅಭ್ಯಾಸವಿಲ್ಲದವನೇ ನೇರ ವಾರಸುದಾರ. ಅಭ್ಯಾಸಿಯೇ ಪರಂಪರೆಯಿಂದ ಜಾರಿದವನು.

ಇಲ್ಲಿ ಪೂರ್ವಪಕ್ಷಿ, ಅಂದರೆ ಎದುರುವಾದಿ, ಎದ್ದು ನಿಲ್ಲುತ್ತಾನೆ: ‘ಹಾಗಾದರೆ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆದುಹೋಗುವ ಸಾವಿರಾರು ಜನ ಯಾರು? ನೂರಾರು ಕಿಲೋಮೀಟರು ಬಿಸಿಲಲ್ಲಿ ನಡೆಯುತ್ತಾರೆ, ಕೆಲವರು ಮರಗಾಲು ಕಟ್ಟಿಕೊಂಡು ಹೋಗುತ್ತಾರೆ. ಬಾದಾಮಿಯ ಬನಶಂಕರಿ ಜಾತ್ರೆಗೆ ನಡೆದು ಬರುವವರು ಬೇರೆ. ಇವರನ್ನು ಅಭ್ಯಾಸವಿಲ್ಲದವರೆಂದು ಹೇಗೆ ಕರೆದಿರಿ?’ ಆಕ್ಷೇಪ ಬಲವಾಗಿದೆ, ಆದರೆ ನಮ್ಮ ಕಡೆಗೇ ವಾಲುತ್ತದೆ. ಮಲ್ಲಯ್ಯನನ್ನು ಅಳಿಯನೆಂದೂ ಭ್ರಮರಾಂಬೆಯನ್ನು ಮನೆಮಗಳೆಂದೂ ತಿಳಿದು ತವರಿನ ಸೀರೆ ಒಯ್ಯುವವರ ಎದೆಯ ಮೇಲೆ ನಂಬರಿನ ಚೀಟಿ ಇರುವುದಿಲ್ಲ, ಕಾಲಿಗೆ ವೇಳೆ ಅಳೆಯುವ ಚಿಪ್ ಇರುವುದಿಲ್ಲ. ಅವರಿಗೆ ನಡಿಗೆ ಗೊತ್ತು, ಓಟ ಗೊತ್ತಿಲ್ಲ. ಅಂದರೆ ನಮ್ಮ ಅಧಿಕಾರಿಯ ಕಾಲಿನಲ್ಲಿ ದೂರ ಇದೆ, ವೇಗ ಇಲ್ಲ. ಓಟದಲ್ಲಿ ಅವನಿಗೆ ಆಗುವ ಪಾಡೆಲ್ಲ ಈ ಒಂದು ಭೇದದಿಂದಲೇ ಹುಟ್ಟುತ್ತದೆ.

ಆ ಪಾಡನ್ನು ಪ್ರತ್ಯಕ್ಷ ಪ್ರಮಾಣದಿಂದ ಹತ್ತಿರಕ್ಕೆ ತಂದು ನೋಡೋಣ. ನಂಬರಿನ ಚೀಟಿಗೆ ನಾಲ್ಕು ಪಿನ್ನು. ಅಭ್ಯಾಸವಿಲ್ಲದವನು ಮೊದಲೆರಡನ್ನು ಅಂಗಿಗೆ ಚುಚ್ಚುತ್ತಾನೆ, ಮೂರನೆಯದನ್ನು ಬೆರಳಿಗೆ ಚುಚ್ಚಿಕೊಳ್ಳುತ್ತಾನೆ, ನಾಲ್ಕನೆಯದನ್ನು ಕಳೆಯುತ್ತಾನೆ. ಚೀಟಿ ಒಂದು ಮೂಲೆಯಲ್ಲಿ ಫಡಫಡ ಹೊಡೆದುಕೊಳ್ಳುತ್ತದೆ. ವೇದಿಕೆಯ ಮುಂದೆ ಸಂಗೀತಕ್ಕೆ ಕೈಕಾಲು ಎತ್ತುವ ಕಾರ್ಯಕ್ರಮದಲ್ಲೇ ಅರ್ಧ ಶಕ್ತಿ ಖರ್ಚಾಗುತ್ತದೆ. ಮುಖ್ಯ ಅತಿಥಿಗಳು ಬರುವವರೆಗೆ ನಿಂತೇ ಬೆವರುತ್ತಾನೆ. ಇದು ಅವಮಾನವಲ್ಲ, ಮುಧೋಳದ ಕವಿ ರನ್ನ ತನ್ನ ದುರ್ಯೋಧನನನ್ನು ಸರೋವರದೊಳಗೆ ಅಡಗಿಸಿಟ್ಟೂ ಬೆವರಿಸಿದ್ದಾನೆ. ಬಾವುಟ ಬೀಸುತ್ತಲೇ ನಮ್ಮ ಅಧಿಕಾರಿ ಬಾಣದ ಹಾಗೆ ಹೊರಡುತ್ತಾನೆ. ಸ್ನಾಯುವಿನಲ್ಲಿ ತಕ್ಷಣಕ್ಕೆ ಸಿದ್ಧವಿರುವ ಶಕ್ತಿ ಹತ್ತು ಸೆಕೆಂಡಿನ ಆಸುಪಾಸಿಗೆ ಸಾಕಾಗುವಷ್ಟು. ಶ್ವಾಸಕೋಶ ಮತ್ತು ಹೃದಯ ಹೊಸ ಬೇಡಿಕೆಗೆ ಹೊಂದಿಕೊಂಡು ಆಮ್ಲಜನಕ ಒದಗಿಸಲು ಎರಡು ಮೂರು ನಿಮಿಷ ಬೇಕು. ನಡುವಿನ ಅವಧಿಯಲ್ಲಿ ದೇಹ ಸಾಲ ಮಾಡಿ ಓಡುತ್ತದೆ, ಸಾಲದ ಕಂತು ಏದುಸಿರಾಗಿ ಬರುತ್ತದೆ. ಅರ್ಧ ಕಿಲೋಮೀಟರು ದಾಟುವ ಹೊತ್ತಿಗೆ ಅವನು ಸೊಂಟಕ್ಕೆ ಕೈಕೊಟ್ಟು ನಡೆಯುತ್ತಿರುತ್ತಾನೆ. ಇದಕ್ಕೆ ಔಷಧವಿದೆ: ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ವೇಗದಲ್ಲಿ ಹೊರಡುವುದು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ಮಾತಿನ ವಿಷಯದಲ್ಲಿ ನಮ್ಮ ಸೀಮೆಯ ಯಾರಿಗೂ ತರಬೇತಿ ಬೇಕಿಲ್ಲವಾದ್ದರಿಂದ ಇಲ್ಲಿಯೂ ಅಭ್ಯಾಸವಿಲ್ಲದವನ ಯೋಗ್ಯತೆ ಸಿದ್ಧವಾಯಿತು. ಇನ್ನು ಶಬ್ದ ಪ್ರಮಾಣ, ಅಂದರೆ ಆಪ್ತವಾಕ್ಯ. ದಾರಿಯಲ್ಲಿ ನೀರು ಕೊಡುವ ಸ್ವಯಂಸೇವಕ ‘ಇಲ್ಲೇ ಐತ್ರೀ ಸರ, ಮುಗೀತು, ಓಡ್ರಿ’ ಎನ್ನುತ್ತಾನೆ. ಇದನ್ನು ಅವನು ಎರಡನೆಯ ಕಿಲೋಮೀಟರಿನಲ್ಲೂ ಹೇಳಿರುತ್ತಾನೆ. ಕರುಣೆಯಿಂದ ಹುಟ್ಟಿದ ಮಾತು ಪ್ರಮಾಣವಾಗದು.

ಎರಡನೆಯ ಪೂರ್ವಪಕ್ಷ: ‘ನಡುವೆ ನಡೆದವನನ್ನು ಓಡಿದವನೆಂದು ಕರೆಯುವುದು ಮೋಸ.’ ಇದಕ್ಕೆ ಉತ್ತರ ಇಳಕಲ್ಲಿನ ಮಗ್ಗದಲ್ಲಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಕೆಂಪು ರೇಷ್ಮೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕುಣಿಕೆ ಕುಣಿಕೆಯಾಗಿ ಕೂಡಿಸಿಕೊಂಡು ನೇಯುತ್ತಾರೆ. ಉದ್ದವೆಲ್ಲ ಒಡಲಿನದು, ಹೆಸರೆಲ್ಲ ಸೆರಗಿನದು. ಹಾಗೆಂದು ಯಾವ ಹೆಣ್ಣುಮಗಳೂ ಅಂಗಡಿಯಲ್ಲಿ ‘ಇದು ಪೂರ್ತಿ ಸೀರೆಯಲ್ಲ, ಬರೀ ಸೆರಗಷ್ಟೇ ರೇಷ್ಮೆ’ ಎಂದು ಜಗಳ ತೆಗೆದದ್ದಿಲ್ಲ. ಮೊದಲ ಮುನ್ನೂರು ಮೀಟರು ಮತ್ತು ಕೊನೆಯ ಇನ್ನೂರು ಮೀಟರು ಓಡಿ, ನಡುವಿನ ನಾಲ್ಕೂವರೆ ಕಿಲೋಮೀಟರು ನಡೆದವನ ಓಟವೂ ಹೀಗೆಯೇ ಅಖಂಡ. ಇದು ಬರಿ ಉಪಮೆಯಲ್ಲ, ಉಪಾಯವೂ ಹೌದು: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಮೊದಲಿನಿಂದಲೇ ಕೂಡಿಸಿಕೊಂಡು ಹೋದವನು, ದಮ್ಮು ಕಟ್ಟಿ ನಿಂತವನಿಗಿಂತ ಮುಂಚೆ ಗುರಿ ಮುಟ್ಟುವುದುಂಟು. ಕಡೆಯವನಾದರೆ ನಾಚಿಕೆಯಲ್ಲವೇ ಎಂಬ ಉಪಪ್ರಶ್ನೆಗೂ ಲೋಕ ಉತ್ತರ ಕಂಡುಕೊಂಡಿದೆ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿ ಆರಂಭವಾದ ‘ಪಾರ್ಕ್‌ರನ್’ ಈಗ ಹಲವು ದೇಶಗಳಿಗೆ ಹರಡಿದೆ. ಎಲ್ಲರಿಗಿಂತ ಹಿಂದೆ ನಡೆದುಬರುವುದಕ್ಕೆಂದೇ ಅಲ್ಲಿ ಒಬ್ಬ ಸ್ವಯಂಸೇವಕನನ್ನು ನೇಮಿಸುತ್ತಾರೆ. ಹಾಗಾಗಿ ಓಟಗಾರ ಯಾರೂ ಕಡೆಯವನಾಗುವುದೇ ಇಲ್ಲ. ಕಡೆಯ ಸ್ಥಾನಕ್ಕೆ ಕರೆದು ಕೂರಿಸುವಷ್ಟು ಗೌರವವಿರುವಾಗ ನಾಚಿಕೆಯ ಮಾತೆಲ್ಲಿ?

ಮೂರನೆಯ ಪೂರ್ವಪಕ್ಷ: ‘ಅಷ್ಟು ನಡೆದು, ಸ್ಟೇಟಸ್ಸಿನಲ್ಲಿ ಓಡುವ ಫೋಟೊ ಹಾಕುವುದು ಸತ್ಯಕ್ಕೆ ಅಪಚಾರ.’ ಹುನಗುಂದ ತಾಲ್ಲೂಕಿನ ಐಹೊಳೆಯನ್ನು ಇಟ್ಟುಕೊಂಡೂ ಈ ಆಕ್ಷೇಪ ಎತ್ತುವುದು ಆಶ್ಚರ್ಯ. ಮೇಗುತಿ ಬಸದಿಯ ಗೋಡೆಯ ಮೇಲೆ ಕವಿ ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಕೆತ್ತಿಸಿದ, ಹರ್ಷನ ಹರ್ಷ ಇಳಿದದ್ದನ್ನೂ ಸೇರಿಸಿದ. ಅದೇ ಕಲ್ಲಿನಲ್ಲಿ ತನ್ನನ್ನು ಕಾಳಿದಾಸ, ಭಾರವಿಗಳ ಸಾಲಿಗೆ ಸೇರಿಸಿಕೊಂಡ. ತನಗೆ ತಾನೇ ಪ್ರಮಾಣಪತ್ರ ಕೊಟ್ಟುಕೊಳ್ಳುವ ಕಲೆ ಈ ಜಿಲ್ಲೆಯಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಬೇಕಿಲ್ಲ. ಎಂಟು ವರ್ಷ ಕಳೆದು, 642ರಲ್ಲಿ, ಪಲ್ಲವ ನರಸಿಂಹವರ್ಮ ಪುಲಕೇಶಿಯ ರಾಜಧಾನಿ ವಾತಾಪಿಯನ್ನೇ, ಅಂದರೆ ಈಗಿನ ಬಾದಾಮಿಯನ್ನೇ, ಹಿಡಿದ. ಐಹೊಳೆಯ ಶಾಸನಕ್ಕೆ ಯಾರೂ ತಿದ್ದುಪಡಿ ಸೇರಿಸಲಿಲ್ಲ. ಇದರಿಂದ ಎರಡು ಸೂತ್ರ ಸಿದ್ಧವಾಗುತ್ತವೆ. ಒಂದು, ದಾಖಲೆಯನ್ನು ಗೆಲುವಿನ ಹೊತ್ತಿನಲ್ಲೇ ಮಾಡಿಕೊಳ್ಳಬೇಕು. ಅಂದರೆ ಫೋಟೊ ಓಟಕ್ಕೆ ಮುಂಚೆ, ಅಂಗಿ ಒಣಗಿರುವಾಗಲೇ ಆಗಬೇಕು. ಎರಡು, ಪಲ್ಲವರು ಬಾದಾಮಿಯ ಬಂಡೆಯ ಮೇಲೆಯೇ ತಮ್ಮ ಶಾಸನ ಕೆತ್ತಿಸಿ ಹೋದದ್ದನ್ನು ಮರೆಯಬಾರದು. ನಮ್ಮ ಸೋಲನ್ನು ನಾವು ಬರೆಯದಿದ್ದರೂ ಬೇರೆಯವರು ಬರೆಯುತ್ತಾರೆ. ಮೂರನೆಯ ಕಿಲೋಮೀಟರಿನಲ್ಲಿ ಮೊಬೈಲು ಹಿಡಿದು ನಿಂತ ಭಾವಮೈದುನನೇ ಆ ಪಲ್ಲವ. ದೂರದಿಂದ ಕ್ಯಾಮೆರಾ ಕಂಡಕೂಡಲೇ ನಡೆಯುತ್ತಿದ್ದವರೆಲ್ಲ ಓಡತೊಡಗುವ ವಿದ್ಯಮಾನಕ್ಕೆ ಇದಕ್ಕಿಂತ ಹಳೆಯ ಚಾರಿತ್ರಿಕ ಕಾರಣ ಸಿಗಲಾರದು.

ನಾಲ್ಕನೆಯ ಪೂರ್ವಪಕ್ಷ ವೈದ್ಯರದು, ಅದನ್ನು ನಗೆಯಲ್ಲಿ ತೇಲಿಸುವಂತಿಲ್ಲ. ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವನು ವೈದ್ಯರನ್ನು ಕೇಳದೆ ಹೆಸರು ಕೊಡುವುದು ಶೌರ್ಯವಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಜಿಲ್ಲೆಯಲ್ಲಿ ಏಳರ ಬಿಸಿಲೂ ಸಣ್ಣದಲ್ಲ; ತಲೆ ತಿರುಗಿದರೆ, ಎದೆ ಹಿಡಿದಂತಾದರೆ ಅಲ್ಲೇ ಕೂರುವುದೇ ಶಾಸ್ತ್ರ. ಇಷ್ಟನ್ನು ಒಪ್ಪಿಕೊಂಡ ಮೇಲೆ ಬೂಟಿನ ವಾದಕ್ಕೆ ಬರೋಣ. ಸಾವಿರಾರು ರೂಪಾಯಿಯ ಬೂಟಿಲ್ಲದೆ ಓಡಬಾರದೆನ್ನುವವರಿಗೆ ಚರಿತ್ರೆ ಬೇರೆಯದನ್ನು ಹೇಳುತ್ತದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿದ ಹಳ್ಳಿಗರನ್ನು ಕಂಡೇ ದೊರಾಬ್ಜಿ ಟಾಟಾ ಒಲಿಂಪಿಕ್ಸಿಗೆ ತಂಡ ಕಳಿಸುವ ಮನಸ್ಸು ಮಾಡಿದ್ದು. ಮರುವರ್ಷ ಆಂಟ್ವರ್ಪಿನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ 42.75 ಕಿಲೋಮೀಟರಿನ, ಒಲಿಂಪಿಕ್ಸ್ ಚರಿತ್ರೆಯಲ್ಲೇ ಅತಿ ಉದ್ದದ ಮ್ಯಾರಥಾನನ್ನು 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾದರು. ‘ಚೌಗುಲೆಯವರು ಅಭ್ಯಾಸಿಗಳು, ನಿಮ್ಮ ವಾದಕ್ಕೆ ವಿರುದ್ಧ’ ಎಂದು ಪೂರ್ವಪಕ್ಷಿ ಹಿಗ್ಗಬಾರದು. ಅವರು ಓಡಿದ್ದು ವೇಳೆ ಲೆಕ್ಕಿಸುವ ಶಾಖೆಯಲ್ಲಿ. ಅಲ್ಲಿ ಅಭ್ಯಾಸಿಯೇ ಅಧಿಕಾರಿಯೆಂದು ನಾವು ಆಗಲೇ ಬರೆದುಕೊಟ್ಟಿದ್ದೇವೆ. ನಮ್ಮ ಅಧಿಕಾರಿಗೆ ಡಾಂಬರು ರಸ್ತೆಯಲ್ಲಿ ಬರಿಗಾಲೂ ಬೇಡ, ಹೊಚ್ಚಹೊಸ ಬೂಟೂ ಬೇಡ. ಹೊಸ ಬೂಟು ಎರಡನೆಯ ಕಿಲೋಮೀಟರಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ತೊಟ್ಟು ಹಳತಾದದ್ದೇ ಮೇಲು.

ಫಲಾಧ್ಯಾಯದಲ್ಲಿ ಎರಡು ವಿಷಯ ಉಳಿದಿವೆ. ಮೊದಲನೆಯದು ಆಹಾರ. ಎಪ್ಪತ್ತು ಕಿಲೋ ತೂಗುವವನು ಐದು ಕಿಲೋಮೀಟರು ಓಡಿದರೆ ಖರ್ಚಾಗುವುದು ಸುಮಾರು 350 ಕ್ಯಾಲೊರಿ. ಬಾಗಲಕೋಟೆಯಿಂದ ಹುನಗುಂದಕ್ಕೆ ಮರಳುವ ದಾರಿಯಲ್ಲಿ ಅಮೀನಗಡ ಬರುತ್ತದೆ. ಬೆಲ್ಲ, ಅಂಟು, ಕೊಬ್ಬರಿ, ಗೋಡಂಬಿ ಕೂಡಿದ ಅಲ್ಲಿನ ಕರದಂಟಿನ ಕಾಲು ಕಿಲೋ ಪೊಟ್ಟಣ ಬಿಚ್ಚಿದರೆ ಓಟದ ಲೆಕ್ಕ ಚುಕ್ತಾ ಆಗಿ, ದೇಹದ ಖಾತೆಯಲ್ಲಿ ಮೇಲೆ ಜಮೆಯೂ ಆಗುತ್ತದೆ. ಆದ್ದರಿಂದ ಒಂದೇ ಓಟದಿಂದ ತೂಕ ಇಳಿಯುತ್ತದೆಂಬ ಮತ ಅಮೀನಗಡದಾಚೆಗೆ ನಿಲ್ಲುವುದಿಲ್ಲ. ಎರಡನೆಯದು ನೋವು. ಅದು ಓಟದ ದಿನ ಬರುವುದಿಲ್ಲ. ಮರುದಿನ ಶುರುವಾಗಿ, ಎರಡು ಮೂರನೆಯ ದಿನಕ್ಕೆ ಏರುತ್ತದೆ. ಸ್ನಾಯುವಿನ ಎಳೆಗಳಲ್ಲಾದ ಸೂಕ್ಷ್ಮ ಬಿರುಕುಗಳೇ ಇದಕ್ಕೆ ಕಾರಣವೆಂದು 1902ರಲ್ಲೇ ಥಿಯೊಡೋರ್ ಹಫ್ ಎಂಬ ಶರೀರಶಾಸ್ತ್ರಜ್ಞ ಊಹಿಸಿದ್ದ. ಇದನ್ನು ಪರೀಕ್ಷಿಸಲು ಬಾದಾಮಿಯ ಮೇಣಬಸದಿಯ ಮೆಟ್ಟಿಲಿಗಿಂತ ಒಳ್ಳೆಯ ಪ್ರಯೋಗಶಾಲೆಯಿಲ್ಲ. ಓಟವಾದ ಎರಡನೆಯ ದಿನ ಅಲ್ಲಿಗೆ ಹೋದ ಓಟಗಾರ ನಾಲ್ಕನೆಯ ಗುಹೆಯವರೆಗೆ ಹೇಗೋ ಹತ್ತುತ್ತಾನೆ. ಇಳಿಯುವಾಗ ಕಂಬಿ ಹಿಡಿದು, ಅಡ್ಡಡ್ಡಲಾಗಿ, ಒಂದೊಂದೇ ಮೆಟ್ಟಿಲಿಗೆ ಕಾಲಿಡುತ್ತಾನೆ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾಗುವುದರಿಂದ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜ ಅವನನ್ನು ನೋಡುತ್ತಲೇ ಇರುತ್ತಾನೆ, ಒಂದು ಕೈಯೂ ನೆರವಿಗೆ ಬರುವುದಿಲ್ಲ.

ಕೊನೆಯ ಪೂರ್ವಪಕ್ಷವೊಂದೇ ನಮ್ಮ ಸಿದ್ಧಾಂತದ ಬುಡಕ್ಕೆ ಕೈ ಹಾಕುವಂಥದ್ದು: ‘ಅಭ್ಯಾಸವಿಲ್ಲದವನೇ ಅಧಿಕಾರಿಯಾದರೆ, ಮೊದಲ ಓಟ ಮುಗಿಸಿದವನಿಗೆ ಅದೇ ಅಭ್ಯಾಸವಾಯಿತಲ್ಲ. ಎರಡನೆಯ ವರ್ಷ ಅವನು ಅನರ್ಹ. ಹೀಗೆ ಪ್ರತಿ ವರ್ಷ ಅರ್ಹರು ಕಡಿಮೆಯಾಗುತ್ತ ಹೋದರೆ ಓಟವೇ ನಿಂತುಹೋಗುತ್ತದೆ.’ ಈ ದೋಷ ನಮ್ಮ ಸಿದ್ಧಾಂತಕ್ಕೆ ತಟ್ಟುವುದಿಲ್ಲ. ಓಡುವುದನ್ನು ಬಿಟ್ಟ ಎರಡು ಮೂರು ವಾರದಲ್ಲೇ ದೇಹದ ಕಸುವು ಇಳಿಯತೊಡಗುತ್ತದೆ, ಕೆಲವು ತಿಂಗಳಲ್ಲಿ ಹೊಸಬನ ಗಳಿಕೆಯೆಲ್ಲ ಬಹುಪಾಲು ಕರಗುತ್ತದೆ. ಅಕ್ಟೋಬರಿನಲ್ಲಿ ಓಡಿ ಮುಂದಿನ ಅಕ್ಟೋಬರಿನವರೆಗೆ ಮಲಗಿದವನು ಪೂರ್ಣ ಅಧಿಕಾರದೊಂದಿಗೆ ಮರಳುತ್ತಾನೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ನವನಗರದ ಅಗಲ ರಸ್ತೆಗಳಲ್ಲಿ ಅರ್ಧ ಗಂಟೆ ನಡೆದು ಓಡುವವನಿಗೆ ಮಾತ್ರ ಈ ಪದವಿ ಶಾಶ್ವತವಾಗಿ ತಪ್ಪಿಹೋಗುತ್ತದೆ. ಅವನ ಪಾಲಿಗೆ ಉಳಿಯುವುದು ಆರೋಗ್ಯವೊಂದೇ. ಓದುಗರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಯಾವುದನ್ನು ಆರಿಸಿಕೊಂಡರೂ ಹೆಸರನ್ನು ಮೊದಲೇ ಕೊಡಿ, ಟೀ ಶರ್ಟಿನ ಅಳತೆಯನ್ನು ದೊಡ್ಡಕ್ಷರದಲ್ಲಿ ಬರೆಯಿರಿ.