ಗೌರವ ಮೀಮಾಂಸೆ: ನಾಲ್ಕನೇ ವರ್ಷಕ್ಕೆ ಸೇರುವ-ಬಿಡುವ ಕುರಿತು ಒಂದು ಬಹುಶಿಸ್ತೀಯ ಅಧ್ಯಯನ

ಒಂದು: ಪ್ರಸ್ತಾವನೆ

ಪದವಿ ಶಿಕ್ಷಣದ ಆರನೇ ಸೆಮಿಸ್ಟರಿನ ಹೊಸ್ತಿಲಲ್ಲಿ ನಿಂತ ವಿದ್ಯಾರ್ಥಿಯು ನಾಲ್ಕನೇ ವರ್ಷವೆಂಬ ‘ಅನ್ಯ’ದೊಡನೆ ನಡೆಸುವ ಮುಖಾಮುಖಿಯನ್ನು ಅದರ ಸಾಮಾಜಿಕ, ಆರ್ಥಿಕ, ಸಾಂಸ್ಕೃತಿಕ ಹಾಗೂ ಸಾರಿಗೆ ನೆಲೆಗಳಲ್ಲಿ ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿರುತ್ತದೆ.

‘ಆನರ್ಸ್ ಸೇರಬೇಕೆ, ಬೇಡವೆ?’ ಎಂದು ಮೂರೇ ಪದದಲ್ಲಿ ಕೇಳಬಹುದಿತ್ತು. ಹಾಗೆ ಕೇಳಿದರೆ ಅದು ಅಧ್ಯಯನವಾಗುವುದಿಲ್ಲ, ಬರಿಯ ಪ್ರಶ್ನೆಯಾಗುತ್ತದೆ. ಈ ಭೇದವನ್ನು ನಾನು ಕಲಿತದ್ದು ಪಠ್ಯಕ್ರಮ ಕಾರ್ಯಾಗಾರವೊಂದರಲ್ಲಿ. ‘ಈ ಪತ್ರಿಕೆಯ ಕೊನೆಗೆ ವಿದ್ಯಾರ್ಥಿಗಳು ಪಂಪನ ಹತ್ತು ಪದ್ಯಗಳನ್ನು ಓದಿ ಅರ್ಥ ಮಾಡಿಕೊಂಡಿರುತ್ತಾರೆ’ ಎಂದು ಬರೆದುಕೊಂಡು ಹೋಗಿದ್ದೆ. ಸಂಪನ್ಮೂಲ ವ್ಯಕ್ತಿಗಳು ಕೆಂಪು ಪೆನ್ನಿನಿಂದ ‘ಅರ್ಥ ಮಾಡಿಕೊಂಡಿರುತ್ತಾರೆ’ ಎಂಬುದನ್ನು ಹೊಡೆದುಹಾಕಿದರು. ಅರ್ಥವಾಯಿತೋ ಇಲ್ಲವೋ ಅಳೆಯಲು ಬರುವುದಿಲ್ಲವಂತೆ. ಅಳೆಯಲು ಬರುವ ಕ್ರಿಯಾಪದವೇ ಬೇಕಂತೆ. ‘ವಿಶ್ಲೇಷಿಸುವರು, ಮೌಲ್ಯೀಕರಿಸುವರು, ಸೃಜಿಸುವರು’ ಎಂದು ತಿದ್ದಿ ಊಟಕ್ಕೆ ಎದ್ದೆವು. ಪಂಪ ಅಲ್ಲೇ ಟೇಬಲ್ಲಿನ ಮೇಲೆ ಉಳಿದ.

ಎರಡು: ವ್ಯಾಪ್ತಿ ಮತ್ತು ಮಿತಿ

ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಈ ಅಧ್ಯಯನದ ವ್ಯಾಪ್ತಿ ಅವುಗಳಲ್ಲಿ ಒಂದು. ಕೊಬ್ಬರಿ ಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವುದು. ಅದರಲ್ಲೂ ಕನ್ನಡ ವಿಭಾಗ. ಅದರಲ್ಲೂ ಕಿಟಕಿ ಪಕ್ಕದ ಟೇಬಲ್ಲು. ಈ ಟೇಬಲ್ಲಿಗೆ ಮೂರು ಕಾಲು. ನಾಲ್ಕನೆಯದರ ಜಾಗದಲ್ಲಿ ಹಳೇ ಉತ್ತರ ಪತ್ರಿಕೆಗಳ ಕಟ್ಟುಗಳನ್ನು ಪೇರಿಸಿದ್ದೇವೆ. ಮೂರು ವರ್ಷದ ಪದವಿಗೆ ನಾಲ್ಕನೇ ವರ್ಷವನ್ನು ಹೇಗೆ ಜೋಡಿಸಲಾಯಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ರೂಪಕ ಸಿಕ್ಕರೆ ಓದುಗರು ತಿಳಿಸಬೇಕು.

ಪ್ರಬಂಧಕಾರನು ಈ ಕಾಲೇಜಿನ ‘ಆನರ್ಸ್ ಸಮಾಲೋಚನಾ ಸಮಿತಿ’ಯ ಸಂಚಾಲಕನೂ ಏಕೈಕ ಸದಸ್ಯನೂ ಆಗಿದ್ದಾನೆ. ಅವನ ಸ್ಥಾನಿಕತೆಯನ್ನು ಸೂಕ್ತ ಸ್ಥಳದಲ್ಲಿ ಘೋಷಿಸಲಾಗುವುದು.

ಮೂರು: ಚಾರಿತ್ರಿಕ ಹಿನ್ನೆಲೆ

ಯಾವುದೇ ಪ್ರಬಂಧವು ವೇದಕಾಲದಿಂದ ಆರಂಭವಾಗಬೇಕೆಂಬುದು ರೂಢಿ. ಜಾಗದ ಅಭಾವದಿಂದ ನಾವು 1916ರಿಂದ, ಅಂದರೆ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ ವರ್ಷದಿಂದ ಹೊರಡೋಣ. ಈ ವಿಶ್ವವಿದ್ಯಾನಿಲಯದಲ್ಲಿ ಆನರ್ಸ್ ಇತ್ತು. ಮಹಾರಾಜಾ ಕಾಲೇಜಿನಲ್ಲಿ ಆನರ್ಸ್ ಮುಗಿಸಿದವರಿಗೆ ಎಂ.ಎ. ಒಂದೇ ವರ್ಷ. ಎ.ಕೆ. ರಾಮಾನುಜನ್ ಅಲ್ಲಿ 1949ರಲ್ಲಿ ಇಂಗ್ಲಿಷ್ ಆನರ್ಸ್ ಮಾಡಿ 1950ಕ್ಕೆ ಎಂ.ಎ. ಮುಗಿಸಿದರು. ಆಮೇಲೆ ಆ ಪದ್ಧತಿಯನ್ನು ಕೈಬಿಟ್ಟರು. ಕೈಬಿಟ್ಟದ್ದನ್ನು ‘ಪರಿವರ್ತನಕಾರಿ’ ಎಂದು ಮತ್ತೆ ತಂದದ್ದು ರಾಷ್ಟ್ರೀಯ ಶಿಕ್ಷಣ ನೀತಿ, 2020. ಅಟ್ಟದ ಮೇಲಿನ ಹಿತ್ತಾಳೆ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಮದುವೆ ಮನೆಗೆ ಹೊಸದೆಂದು ಉಡುಗೊರೆ ಕೊಟ್ಟ ಹಾಗೆ.

ಇದಕ್ಕೆ ಮೊದಲು ದೆಹಲಿ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ನಾಲ್ಕು ವರ್ಷದ ಪದವಿ ಬಂದಿತ್ತು, 2014ರಲ್ಲಿ ಹೋಗಿತ್ತು. ಅದರಿಂದ ಯಾರಾದರೂ ಪಾಠ ಕಲಿತರೆ ಎಂಬುದು ಬೇರೆಯದೇ ಸಂಶೋಧನೆಯ ವಸ್ತು. ನಾವಂತೂ 2021ರ ಆಗಸ್ಟಿನಲ್ಲಿ ದೇಶದಲ್ಲೇ ಮೊದಲಿಗರಾಗಿ ಹೊಸ ನೀತಿಯನ್ನು ಜಾರಿಗೆ ತಂದೆವು. ಮೊದಲು ಎಂಬುದೂ ಒಂದು ಗೌರವ. 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಹೊರಟಿತು: ಆ ವರ್ಷದಿಂದ ಸೇರುವವರಿಗೆ ಪದವಿ ಮತ್ತೆ ಮೂರೇ ವರ್ಷ. ಈಗಾಗಲೇ ಸೇರಿದವರು ಹಳೆಯ ಹೊಸ ಪದ್ಧತಿಯಲ್ಲೇ ಮುಂದುವರಿಯಬಹುದು, ನಾಲ್ಕನೇ ವರ್ಷ ಬೇಕೆಂದವರು ಓದಬಹುದು.

ಇಲ್ಲಿ ಒಂದು ಕ್ಷಣ ಶೈಲಿಯನ್ನು ಬದಿಗಿಡುತ್ತೇನೆ. 2021ರಲ್ಲಿ ಸೇರಿದ ಮಕ್ಕಳು ಪಿಯುಸಿ ಪರೀಕ್ಷೆಯನ್ನೇ ಬರೆಯದೆ, ಕೊರೊನಾದ ನಡುವೆ, ಮನೆಯಲ್ಲಿ ಕೂತೇ ಪಾಸಾಗಿ ಬಂದವರು. ಮೊದಲ ಸೆಮಿಸ್ಟರಿಗೆ ಅವರಿಗೆ ಪುಸ್ತಕವೇ ಇರಲಿಲ್ಲ. ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಪತ್ರಿಕೆಗೆ ಕಂಪ್ಯೂಟರ್ ಲ್ಯಾಬಿನಲ್ಲಿ ಕರೆಂಟಿರದೆ, ನನ್ನ ಸಹೋದ್ಯೋಗಿಯೊಬ್ಬರು ಕರಿಹಲಗೆಯ ಮೇಲೆ ಮೌಸಿನ ಚಿತ್ರ ಬರೆದು, ಬಾಲ ಎಲ್ಲಿಗೆ ಸಿಕ್ಕಿಸಬೇಕೆಂದು ಬಾಣದ ಗುರುತು ಹಾಕಿ ತೋರಿಸಿದರು. ನೀತಿಯನ್ನು ತಂದವರಿಗೂ ತೆಗೆದವರಿಗೂ ತಂತಮ್ಮ ಕಾರಣಗಳಿವೆ, ಎರಡೂ ಕಡೆ ವಾದ ಇದೆ. ಆದರೆ ಈ ಮಕ್ಕಳು ಯಾರ ವಾದದಲ್ಲೂ ಇರಲಿಲ್ಲ.

ನಾಲ್ಕು: ಗಣಿತ ಮೀಮಾಂಸೆ

ಪೂರ್ವಪಕ್ಷ: 3+2. ಅಂದರೆ ಮೂರು ವರ್ಷದ ಪದವಿ, ಎರಡು ವರ್ಷದ ಎಂ.ಎ.

ಉತ್ತರಪಕ್ಷ: 4+1. ಅಂದರೆ ನಾಲ್ಕು ವರ್ಷದ ಆನರ್ಸ್, ಒಂದು ವರ್ಷದ ಎಂ.ಎ.

ಸಿದ್ಧಾಂತ: ಎರಡೂ ಐದು. ಇಡೀ ಕ್ರಾಂತಿ ಎಂದರೆ ಕೂಡುವ ಚಿಹ್ನೆಯನ್ನು ಒಂದು ಮನೆ ಆಚೆಗೆ ಸರಿಸಿದ್ದು.

ಇನ್ನು ಕ್ರೆಡಿಟ್. ಯುಜಿಸಿ ಚೌಕಟ್ಟಿನ ಪ್ರಕಾರ 40 ಕ್ರೆಡಿಟ್‌ಗೆ ಸರ್ಟಿಫಿಕೇಟ್, 80ಕ್ಕೆ ಡಿಪ್ಲೊಮಾ, 120ಕ್ಕೆ ಪದವಿ, 160ಕ್ಕೆ ಆನರ್ಸ್. ಹದಿನೈದು ಗಂಟೆ ಪಾಠ ಕೇಳಿದರೆ ಒಂದು ಕ್ರೆಡಿಟ್. ಪ್ರಾಯೋಗಿಕವಾದರೆ ಮೂವತ್ತು ಗಂಟೆ. ಈ ಸೂತ್ರವನ್ನು ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿನಿಗೆ ಅನ್ವಯಿಸಲಾಯಿತು. ಅವಳ ಊರಿಗೆ ಬಸ್ಸು ಇರುವುದು ಬೆಳಿಗ್ಗೆ ಏಳೂವರೆಗೆ, ಸಂಜೆ ನಾಲ್ಕು ನಲವತ್ತಕ್ಕೆ. ಬೆಳಗಿನ ಪಾಠಕ್ಕೆ ಮುಂಚೆ, ಸಂಜೆಯ ಪಾಠದ ನಂತರ ಸೇರಿ ದಿನಕ್ಕೆ ಒಂದೂವರೆ ಗಂಟೆ ಬಸ್‌ಸ್ಟ್ಯಾಂಡಿನಲ್ಲಿ. ವರ್ಷಕ್ಕೆ ಇನ್ನೂರು ದಿನ ಹಿಡಿದರೆ ಮುನ್ನೂರು ಗಂಟೆ, ಮೂರು ವರ್ಷಕ್ಕೆ ಒಂಬೈನೂರು. ಕಾಯುವುದನ್ನು ಪಾಠವೆಂದರೆ 60 ಕ್ರೆಡಿಟ್, ಪ್ರಾಯೋಗಿಕವೆಂದರೆ 30. ನನ್ನ ದೃಷ್ಟಿಯಲ್ಲಿ ಅದು ಪ್ರಾಯೋಗಿಕ. ಈ ಕ್ರೆಡಿಟ್ಟು, ಕ್ರೆಡಿಟ್ ಕೂಡಿಡಲೆಂದೇ ಇರುವ ಅಕಾಡೆಮಿಕ್ ಬ್ಯಾಂಕಿನಲ್ಲಿ ಜಮೆಯಾಗುವುದಿಲ್ಲ. ಬ್ಯಾಂಕಿನ ಹೆಸರಿದ್ದರೂ ಅದು ಸಾಲ ಕೊಡುವುದೂ ಇಲ್ಲ.

ನಾಲ್ಕರ ಉಪವಿಭಾಗ, ಅಥವಾ ಐದು: ಬಹುಪ್ರವೇಶ, ಬಹುನಿರ್ಗಮನ

ಈ ಪರಿಕಲ್ಪನೆಯನ್ನು ಅರಿಯಲು ಎರಡು ಬಾಗಿಲಿನ ಬಸ್ಸನ್ನು ನೆನೆಯಬೇಕು. ಎಲ್ಲಿ ಬೇಕಾದರೂ ಇಳಿಯಬಹುದು, ಮೂರು ವರ್ಷದೊಳಗೆ ಮತ್ತೆ ಹತ್ತಬಹುದು, ಒಟ್ಟು ಏಳು ವರ್ಷದಲ್ಲಿ ಊರು ಸೇರಿದರೆ ಸಾಕು. ಕೇಳಲು ಎಷ್ಟು ಹಿತ! ನಾನು ಕಂಡ ನಿರ್ಗಮನ ಇದು: ಎರಡನೇ ವರ್ಷದಲ್ಲಿ, ದೀಪಾವಳಿ ಕಳೆದ ಮೇಲೆ, ಒಬ್ಬ ಹುಡುಗಿ ಅರಿಶಿನ ಹಚ್ಚಿದ ಲಗ್ನಪತ್ರಿಕೆ ತಂದು ಇದೇ ಮೂರು ಕಾಲಿನ ಟೇಬಲ್ಲಿನ ಮೇಲಿಟ್ಟಳು. ‘ಬನ್ನಿ ಸರ್’ ಎಂದಳು. ತಲೆ ಎತ್ತಲಿಲ್ಲ. ಮೊದಲಾದರೆ ‘ಓದು ಬಿಡಿಸಿದರು’ ಎನ್ನುತ್ತಿದ್ದೆವು. ಆ ಮಾತಿನಲ್ಲಿ ಬಿಡಿಸಿದವರು ಯಾರೋ ಇದ್ದರು, ಅವರ ಮೇಲೆ ಸಿಟ್ಟಾದರೂ ಮಾಡಬಹುದಿತ್ತು. ಈಗ ಅವಳು ‘ನಿರ್ಗಮಿಸಿದ್ದಾಳೆ’. ಹಾಗೆ ಇಳಿದವರಲ್ಲಿ ಮತ್ತೆ ಬಸ್ಸು ಹತ್ತಿದವರನ್ನು ನಮ್ಮ ಕಾಲೇಜಿನಲ್ಲಿ ನಾನಿನ್ನೂ ಕಂಡಿಲ್ಲ.

ಐದು ಅಥವಾ ಆರು: ಅಷ್ಟವಿಧ ಆನರ್ಸಾಕಾಂಕ್ಷಿಗಳು

ಲಾಕ್ಷಣಿಕರು ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿದ್ದಾರೆ. ಆರನೇ ಸೆಮಿಸ್ಟರಿನವರನ್ನೂ ಹಾಗೆಯೇ ವಿಂಗಡಿಸಲು ಸಾಧ್ಯವೆಂಬುದು ಈ ಪ್ರಬಂಧದ ಮೌಲಿಕ ಶೋಧ.

ವಾಸಕಸಜ್ಜಿಕೆ: ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಆರು ಫೋಟೊ, ಎಲ್ಲದರ ಎರಡೆರಡು ಜೆರಾಕ್ಸ್ ಇಟ್ಟುಕೊಂಡು ಪೋರ್ಟಲ್ಲು ತೆರೆಯುವುದನ್ನೇ ಕಾಯುತ್ತಿರುವವಳು.

ವಿರಹೋತ್ಕಂಠಿತೆ: ಐದನೇ ಸೆಮಿಸ್ಟರಿನ ಫಲಿತಾಂಶ ಇಂದು ಬರುವುದು, ನಾಳೆ ಬರುವುದು ಎಂದು ಸೈಬರ್ ಸೆಂಟರಿನ ಮೆಟ್ಟಿಲ ಮೇಲೆ ಕೂತವಳು.

ವಿಪ್ರಲಬ್ಧೆ: ಫಲಿತಾಂಶ ಬಂದಿದೆ, ಅವಳ ಹೆಸರಿನ ಮುಂದೆ ಮಾತ್ರ ‘ತಡೆಹಿಡಿಯಲಾಗಿದೆ’ ಎಂದಿದೆ.

ಖಂಡಿತೆ: ಇನಿಯನು ಮೈಮೇಲೆ ಬೇರೆಯವಳ ಗುರುತು ಹೊತ್ತು ಬೆಳಗಿನ ಜಾವ ಬಂದಂತೆ, ಅಂಕಪಟ್ಟಿಯು ಬೇರೆ ಯಾರದೋ ಅಂಕ ಹೊತ್ತು ಬಂದದ್ದನ್ನು ಕಂಡು ಮುನಿದವಳು.

ಉಳಿದ ನಾಲ್ವರನ್ನು ಓದುಗರೇ ಹೊಂದಿಸಿಕೊಳ್ಳಲಿ. ನನಗೆ ಸಾಕಾಯಿತು. ಆ ಮೂರನೆಯವಳು ನಿಜವಾಗಿ ಇದ್ದಾಳೆ. ತಪ್ಪು ಅವಳದಲ್ಲ, ಆಂತರಿಕ ಅಂಕ ಏರಿಸುವಲ್ಲಿ ಎಲ್ಲೋ ಎಡವಟ್ಟಾಗಿತ್ತು. ಸರಿಪಡಿಸಲು ನಾಲ್ಕು ಸಲ ಪತ್ರ ಬರೆದೆವು. ಸರಿಹೋಗುವಷ್ಟರಲ್ಲಿ ಅವಳು ಬಯಸಿದ್ದ ಬಿ.ಎಡ್. ಅರ್ಜಿಯ ದಿನ ಮುಗಿದುಹೋಗಿತ್ತು. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ರಸ ಯಾವುದು ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಮುಂದಿನದು: ‘ಗೌರವ’ ಶಬ್ದದ ನಿಷ್ಪತ್ತಿ

ಆನರ್ಸ್ ಎಂದರೆ ಗೌರವ. ಗುರು ಎಂದರೆ ಭಾರ. ಗುರುವಿನ ಭಾವ ಗೌರವ. ಇದು ವ್ಯಾಕರಣ. ಬಳಕೆಯಲ್ಲಿ ನೋಡೋಣ. ಗೌರವ ಸಂಪಾದಕರು: ಇವರಿಗೆ ಸಂಬಳವಿಲ್ಲ. ಗೌರವ ಕಾರ್ಯದರ್ಶಿ: ಇವರಿಗೂ ಇಲ್ಲ, ಜೊತೆಗೆ ಕೈಯಿಂದ ಖರ್ಚು. ಗೌರವ ಪ್ರತಿ: ದುಡ್ಡು ಕೊಡದೆ ಪಡೆದ, ಓದದೆ ಇಟ್ಟ ಪುಸ್ತಕ. ಗೌರವ ಡಾಕ್ಟರೇಟ್: ಬರೆಯದೆ ಬಂದದ್ದು. ಇವುಗಳಿಂದ ಒಂದು ನಿಯಮವನ್ನು ಹೆಕ್ಕಬಹುದು: ಕನ್ನಡದಲ್ಲಿ ‘ಗೌರವ’ ಎಂಬ ಪದ ಎಲ್ಲಿ ಕಾಣಿಸಿಕೊಂಡರೂ ಅಲ್ಲಿ ಇರಬೇಕಾದ ಇನ್ನೇನೋ ಇರುವುದಿಲ್ಲ.

ಈ ನಿಯಮದ ಪರಮ ನಿದರ್ಶನ ಗೌರವಧನ. ಆಶಾ ಕಾರ್ಯಕರ್ತೆಗೆ ಸಂಬಳವಿಲ್ಲ, ಗೌರವಧನ. ಅಂಗನವಾಡಿ ಕಾರ್ಯಕರ್ತೆಗೆ ಗೌರವಧನ. ಬಿಸಿಯೂಟದ ಅಕ್ಕನಿಗೆ ಗೌರವಧನ. ಸಂಬಳವೆಂದರೆ ರಜೆ ಕೊಡಬೇಕು, ಪಿಂಚಣಿ ಕೊಡಬೇಕು, ವರ್ಷವರ್ಷ ಏರಿಸಬೇಕು. ಗೌರವಕ್ಕೆ ಅದೊಂದೂ ಬೇಡ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹೀಗೆ ಗೌರವಕ್ಕೆ ಪಾತ್ರರಾದ ಅತಿಥಿ ಉಪನ್ಯಾಸಕರು 2023ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಆ ವರ್ಷದ ಕೊನೆಯಲ್ಲಿ ಅವರು ತರಗತಿ ಬಿಟ್ಟು ಬೀದಿಗೆ ಬಂದು ಕೂತಿದ್ದರು, ಕಾಯಂ ಮಾಡಿ ಎಂದು. ಅತಿಥಿ ಎಂಬ ಪದವನ್ನಾದರೂ ನೋಡಿ. ಯಾವ ಮನೆಯಲ್ಲಿ ಅತಿಥಿ ಹದಿನಾಲ್ಕು ವರ್ಷ ಇರುತ್ತಾನೆ? ಇದ್ದರೂ ಯಾವ ಮನೆಯಲ್ಲಿ ಅತಿಥಿಯೇ ಅಡುಗೆ ಮಾಡಿ ಮನೆಯವರಿಗೆ ಬಡಿಸುತ್ತಾನೆ?

ಸ್ಥಾನಿಕತೆಯ ಘೋಷಣೆಗೆ ಇದೇ ಸೂಕ್ತ ಸ್ಥಳ. ಪ್ರಬಂಧಕಾರನು ಹದಿನಾಲ್ಕನೇ ವರ್ಷದ ಅತಿಥಿ. ಮೂರು ತಿಂಗಳಿಂದ ಧನ ಬಂದಿಲ್ಲ, ಬರೀ ಗೌರವದಲ್ಲಿದ್ದಾನೆ. ರಜೆಯ ತಿಂಗಳುಗಳಲ್ಲಿ ಎರಡೂ ಇರುವುದಿಲ್ಲ.

ಕ್ಷೇತ್ರಕಾರ್ಯ

ಜೂನ್ ತಿಂಗಳ ಒಂದು ಮಧ್ಯಾಹ್ನ ಆ ಬಸ್‌ಸ್ಟ್ಯಾಂಡ್ ಕ್ರೆಡಿಟ್ಟಿನ ಹುಡುಗಿ ತನ್ನ ಅಪ್ಪನನ್ನು ಕರೆದುಕೊಂಡು ಬಂದಳು. ಕನ್ನಡ ಮೇಜರ್. ಆರು ಸೆಮಿಸ್ಟರಿನಲ್ಲಿ ಒಂದು ಪತ್ರಿಕೆಯನ್ನೂ ಉಳಿಸಿಕೊಂಡವಳಲ್ಲ. ಅಪ್ಪ ಬಾಗಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಿಡಬೇಡಿ, ಹಾಕ್ಕೊಂಡೇ ಬನ್ನಿ ಎಂದರೂ ಕೇಳಲಿಲ್ಲ.

“ಅದೇನೋ ನಾಕ್ನೇ ವರ್ಷ ಆನಸ್ಸು ಅಂತಾಳೆ ಸಾ. ಅದ್ ಮಾಡುದ್ರೆ ಏನಾಯ್ತದೆ?”

“ಮಾಡಿದರೆ ಆಮೇಲೆ ಎಂ.ಎ. ಒಂದೇ ವರ್ಷ.”

“ಮಾಡ್ದೆ ಹೋದ್ರೆ?”

“ಎಂ.ಎ. ಎರಡು ವರ್ಷ.”

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ನಾಲ್ಕನೇ ವಿಭಾಗದಲ್ಲಿ ನಾನು ಅರ್ಧ ಪುಟ ತೆಗೆದುಕೊಂಡ ಸಿದ್ಧಾಂತಕ್ಕೆ ಅವರು ಒಂದು ಕೈಯ ಬೆರಳುಗಳಲ್ಲಿ ಬಂದರು. “ಎರಡೂ ಒಂದೇ ಆಯ್ತಲ್ಲ ಸಾ.”

“ಆಯ್ತು.”

“ಮತ್ತೆ ಯಾಕ್ ಮಾಡವ್ರೆ?”

ಸಮಿತಿಯ ಸಂಚಾಲಕನಿಗೆ ಕೊಟ್ಟಿದ್ದ ಸಮಾಲೋಚನಾ ಕೈಪಿಡಿಯಲ್ಲಿ ಸಮಗ್ರತೆ, ನಮ್ಯತೆ, ಜಾಗತಿಕ ಪೌರತ್ವ ಎಲ್ಲವೂ ಇದ್ದವು. ಮುಕ್ಕಾಲರಷ್ಟು ಅಂಕ ಬಂದವರು ಸಂಶೋಧನೆಯ ಆನರ್ಸ್ ಮಾಡಿ ನೇರ ಪಿಎಚ್.ಡಿ. ಕಡೆಗೂ ಹೋಗಬಹುದು ಎಂಬ ಮಾತೂ ಇತ್ತು. ಅದೊಂದನ್ನು ಹೇಳಿದೆ. ಹುಡುಗಿಯ ಮುಖ ಅರಳಿದ್ದನ್ನು ಕಂಡು, ಹೇಳಬಾರದಿತ್ತೇನೋ ಅನ್ನಿಸಿತು.

“ಬಸ್ಸಂತೂ ಫ್ರೀ ಐತೆ,” ಎಂದರು ಅಪ್ಪ, ಯಾರಿಗೋ ಉತ್ತರ ಕೊಡುವವರ ಹಾಗೆ. “ಇವ್ಳ ಅಜ್ಜಿಗೆ ಒಪ್ಸಕೆ ಒಂದು ಮಾತು ಬೇಕು ಸಾ. ಗಂಡಿನ್ ಕಡೆಯೋರು ಎರಡ್ ಸಲ ಬಂದ್ ಹೋಗವ್ರೆ. ಇನ್ನೊಂದು ವರ್ಷ ನಿಲ್ಸಕೆ ಒಂದು ಮಾತು.”

ಆಗ ತಿಳಿಯಿತು, ಹುಡುಗಿ ನಾಲ್ಕನೇ ವರ್ಷವನ್ನು ಯಾವುದಕ್ಕೆ ಕೇಳುತ್ತಿದ್ದಾಳೆಂದು. ಕಲಿಕಾ ಫಲಿತಗಳ ಪಟ್ಟಿಯಲ್ಲಿ ‘ಮದುವೆಯನ್ನು ಒಂದು ವರ್ಷ ಮುಂದೂಡುವರು’ ಎಂಬುದು ಇಲ್ಲ. ಅಳೆಯಲು ಬರುವ ಕ್ರಿಯಾಪದವೇ ಅದು. ಕಾರ್ಯಾಗಾರದಲ್ಲಿ ಯಾರಿಗೂ ಹೊಳೆದಿರಲಿಲ್ಲ.

“ಸರ್ಕಾರ ಇದನ್ನು ನಿಲ್ಲಿಸಿದೆ, ಇವರ ಬೆನ್ನಿಗೆ ಬರುವ ಒಂದೆರಡು ಬ್ಯಾಚಿನ ಆಮೇಲೆ ಸಿಗೋದಿಲ್ಲ ಅಂತ ಹೇಳಿ,” ಎಂದೆ. “ಆನರ್ಸ್ ಅಂದರೆ ಗೌರವ ಅಂತಲೂ ಹೇಳಿ.”

ಅಪ್ಪ ಆ ಪದವನ್ನು ಬಾಯಲ್ಲಿ ಒಂದು ಸಲ ಹೇಳಿ ನೋಡಿಕೊಂಡು ತಲೆಯಾಡಿಸಿದರು. ಹುಡುಗಿ ಮಾತ್ರ ಎದ್ದಿರಲಿಲ್ಲ. ಕೈಯಲ್ಲಿ ಅರ್ಜಿ ಇತ್ತು, ತುಂಬಿಸಿದ್ದು.

“ನಾಲ್ಕನೇ ವರ್ಷಕ್ಕೆ ಪಾಠ ನೀವೇ ಮಾಡ್ತೀರಾ ಸರ್?”

ಅತಿಥಿಗಳು ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಪಟ್ಟಿ ಬರಬೇಕು, ಕೌನ್ಸೆಲಿಂಗ್ ಆಗಬೇಕು, ಸಿಕ್ಕಿದ ಊರಿಗೆ ಹೋಗಬೇಕು. ಇಲ್ಲೇ ಸಿಕ್ಕೀತು, ಮೂಡಲ ಸೀಮೆಗೆ ಹಾಕಿಯಾರು, ಸಿಗದೆಯೂ ಇದ್ದೀತು. ಇದಿಷ್ಟನ್ನು ಹೇಳಿ, ಡ್ರಾಯರಿನಿಂದ ನನ್ನ ಅರ್ಜಿಯ ಪ್ರಿಂಟು ತೆಗೆದು ತೋರಿಸಿದೆ. ಅನುಭವ ಎಂಬ ಕಾಲಮ್ಮಿನಲ್ಲಿ ಹದಿನಾಲ್ಕು ಎಂದು ಬರೆದಿತ್ತು. ಅವಳು ತನ್ನದನ್ನು ಅದರ ಪಕ್ಕಕ್ಕಿಟ್ಟು ನೋಡಿದಳು. ಎರಡರಲ್ಲೂ ಫೋಟೊ ಅಂಟಿಸುವ ಚೌಕ ಒಂದೇ ಅಳತೆಯದು.

“ಹಾಗಾದ್ರೆ ಮೊದ್ಲು ನಿಮ್ದು ಬರಲಿ ಸರ್,” ಎಂದು ತನ್ನ ಅರ್ಜಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. “ಕೊನೇ ದಿನಕ್ಕೆ ಇನ್ನೂ ಹತ್ತು ದಿನ ಇದೆ.”

ನಾಲ್ಕೂ ಇಪ್ಪತ್ತಾಗಿತ್ತು. ಅಪ್ಪ ಆಗಲೇ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಿದ್ದರು.